ಬೆಣೆ ಕಿತ್ತವನ ದೀಪಾವಳಿ

ನಮ್ಮ ಮನೆಯ ಸ್ಕ್ರೂ ಡ್ರೈವರು ಆಯುಧ ಪೂಜೆಯ ದಿನ ದೇವರ ಮನೆ ಸೇರಿದರೆ ಸಂಕ್ರಾಂತಿಯವರೆಗೂ ಹೊರಗೆ ಬರುವುದಿಲ್ಲ. "ಪೂಜೆಗೆ ಇಟ್ಟಿದ್ದು, ಹಾಗೆಲ್ಲ ಕದಲಿಸಬಾರದು ರೀ" ಅನ್ನುತ್ತಾಳೆ ನನ್ನಾಕೆ. ಅದರ ಪಕ್ಕದಲ್ಲೇ ಕುಂಕುಮ ಹಚ್ಚಿಸಿಕೊಂಡಿದ್ದ ಕತ್ತರಿ, ಈಳಿಗೆಮಣೆ, ಸ್ಕೂಟರಿನ ಕೀ ಎಲ್ಲವೂ ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಹಾಜರಾಗಿರುತ್ತವೆ. ಸ್ಕ್ರೂ ಡ್ರೈವರಿಗೆ ಮಾತ್ರ ಈ ಮಡಿ.

ಯಾಕೆ ಅಂತ ನನಗೂ ಗೊತ್ತು. ನಾನು ಬಿಚ್ಚಿ ಜೋಡಿಸಿದ ಗೋಡೆ ಗಡಿಯಾರ ಹಿಂದಕ್ಕೆ ನಡೆಯುತ್ತದೆ. ಸುಳ್ಳಲ್ಲ. ಒಳಗಿನ ಒಂದು ಪುಟ್ಟ ತಗಡನ್ನು ಮಗುಚಿ ಕೂರಿಸಿದರೆ ಮುಳ್ಳುಗಳು ಉಲ್ಟಾ ತಿರುಗುತ್ತವೆ. ಕೆಟ್ಟಿದ್ದ ಗಡಿಯಾರ ನಡೆಯಿತಲ್ಲ ಅಂತ ನನಗೆ ಸಂತೋಷ. ಎಂಟೂವರೆ ಆದ ಮೇಲೆ ಎಂಟು ಗಂಟೆ ಆಗುವ ಮನೆಯಲ್ಲಿ ಮಕ್ಕಳನ್ನು ಸ್ಕೂಲಿಗೆ ಕಳಿಸುವುದು ಹೇಗೆ ಅನ್ನೋದು ಅವಳ ಪ್ರಶ್ನೆ.

ಹೀಗಿರುವಾಗ ದೀಪಾವಳಿ ಬಂತು. ಹಬ್ಬಕ್ಕೆ ತಂಗಿ ಬಂದಳು, ಜೊತೆಗೆ ಅವಳ ಎಂಟು ವರ್ಷದ ಮಗನೂ ಬಂದ, ಅವನ ಸೊಂಟದಲ್ಲಿ ಒಂದು ಕೇಪಿನ ರಿವಾಲ್ವರೂ ಬಂತು. ನಮ್ಮ ಕಾಲದ ರೀಲು ಕೇಪಿನ ತಗಡಿನ ಪಿಸ್ತೂಲು ಅಲ್ಲ ಅದು. ಕೆಂಪು ಪ್ಲಾಸ್ಟಿಕ್ಕಿನ ರಿಂಗು, ಅದರಲ್ಲಿ ಎಂಟು ಕೇಪು. ನಳಿಗೆಯನ್ನು ಕೆಳಕ್ಕೆ ಮಡಚಿ, ರಿಂಗನ್ನು ಸಿಲಿಂಡರಿಗೆ ಸಿಕ್ಕಿಸಿ, ಟಪ್ ಅಂತ ಮುಚ್ಚಿದರೆ ಎಂಟು ಸಲ ಢಂ ಢಂ. ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಯುವ ಹೊತ್ತಿಗೆ ಸಿಲಿಂಡರ್ ತಿರುಗುವುದು ನಿಂತಿತ್ತು. ಟ್ರಿಗರ್ ಎಳೆದರೆ ಒಂದೇ ಕೇಪಿನ ಮೇಲೆ, ಸುಟ್ಟು ಹೋದ ಕೇಪಿನ ಮೇಲೆ, ಮತ್ತೆ ಮತ್ತೆ ಟಿಕ್ ಟಿಕ್.

"ಮಾಮ, ರಿಪೇರಿ ಮಾಡಿಕೊಡ್ತೀಯಾ?"

ಅಡುಗೆ ಮನೆಯಿಂದ ಕಜ್ಜಾಯ ಬೇಯುವ ಸದ್ದಿನ ನಡುವೆ ಧ್ವನಿ ಬಂತು. "ಬೇಡ ಪುಟ್ಟ. ಅತ್ತೆ ಹೊಸದು ಕೊಡಿಸ್ತೀನಿ."

ಈ ಮಾತನ್ನು ಕೇಳಿಯೂ ಸುಮ್ಮನಿರುವ ಗಂಡಸು ಇದ್ದಾನೆಯೇ? ಅದೂ ರಿವಾಲ್ವರ್ ವಿಷಯದಲ್ಲಿ. ಬೇರೆ ಯಾವುದೇ ಸಾಮಾನಿಗಿಂತ ರಿವಾಲ್ವರ್ ಬಿಚ್ಚುವುದರ ಬಗ್ಗೆ ನಾನು ಜಾಸ್ತಿ ಓದಿಕೊಂಡಿದ್ದೆ. ಒಂದನ್ನೂ ಬಿಚ್ಚಿರಲಿಲ್ಲ, ಅದು ಬೇರೆ ಮಾತು.

ಈ ಓದಿನ ಹುಚ್ಚು ಹತ್ತಿಸಿದ್ದು ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪ. ಕಾಫಿ ತೋಟದವರು. ತೋಟಕ್ಕೆಂದು ಒಂದು ಕೋವಿ, ಜೊತೆಗೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರು, ಎರಡಕ್ಕೂ ಲೈಸೆನ್ಸು. ಚುನಾವಣೆ ಬಂದಾಗಲೆಲ್ಲ ಎರಡನ್ನೂ ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಹಾಗೆ ಬಿಡಿಸಿಕೊಂಡು ಬಂದ ಒಂದು ಸಂಜೆ ಜಗಲಿಯಲ್ಲಿ ಪೇಪರ್ ಹಾಸಿ ರಿವಾಲ್ವರ್ ಒರೆಸಲು ಕೂತರು. ನಾನು ಹತ್ತಿರ ಜರುಗಿದೆ.

"ನೀನು ಕೈ ಕಟ್ಟಿ ಕೂತ್ಕೋ ಮಾರಾಯ" ಅಂದರು. "ನಿನ್ನ ಚಿಕ್ಕಮ್ಮನ ಮಿಕ್ಸಿ ನಂಗಿನ್ನೂ ನೆನಪಿದೆ."

ಕಟ್ಟಿದೆ. ಅವರು ಹೆಬ್ಬೆರಳಿನಿಂದ ಪಕ್ಕದ ಒಂದು ಸಣ್ಣ ಕೊಂಡಿ ಒತ್ತಿದರು. ನಳಿಗೆ ಕೆಳಕ್ಕೆ ಬಾಗಿತು, ಸಿಲಿಂಡರಿನ ನಡುವಿನಿಂದ ನಕ್ಷತ್ರದ ಹಾಗಿನ ಒಂದು ಬಿಲ್ಲೆ ಮೇಲೆದ್ದು ಆರೂ ಗುಂಡುಗಳನ್ನು ಎತ್ತಿಕೊಟ್ಟಿತು. ಒಂದೊಂದಾಗಿ ಎಣಿಸಿ ಸ್ಟೀಲ್ ಲೋಟಕ್ಕೆ ಹಾಕಿದರು. ಖಾಲಿಯಾಗಿದೆಯಾ ಅಂತ ಎರಡು ಸಲ ನೋಡಿದರು, ಲೋಟವನ್ನು ಒಳಗೆ ಕಳಿಸಿದರು. ಆಮೇಲೆ ಆರು ತೂತು, ಒಂದು ನಳಿಗೆ, ಎಲ್ಲಕ್ಕೂ ಬ್ರಷ್ ಹಾಕಿ ಎಣ್ಣೆ ಬಟ್ಟೆ ಎಳೆದು ಮುಗಿಸಿದರು. ಒಂದು ಸ್ಕ್ರೂ ಕೂಡ ಕದಲಲಿಲ್ಲ. ಈ ರಿವಾಲ್ವರಿನ ಮೂಲ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯದು. ಬ್ರಿಟಿಷ್ ಸೈನ್ಯ 1887ರಲ್ಲಿ ಒಪ್ಪಿಕೊಂಡ ಆ ಮಡಚುವ ವಿನ್ಯಾಸವೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ನಮ್ಮ ಚಿಕ್ಕಪ್ಪನ ಜಗಲಿಯವರೆಗೂ ಬಂದಿದೆ. ನಮ್ಮ ಮಿಕ್ಸಿಯ ತಳ ತೆಗೆಯಲು ಬೇಕಾದ ಸ್ಕ್ರೂ ನಾಲ್ಕು, ಅದರಲ್ಲಿ ಎರಡು ರಬ್ಬರ್ ಕಾಲಿನ ಒಳಗೆ ಅಡಗಿವೆ. ಗುಂಡು ಹಾರಿಸುವ ಯಂತ್ರಕ್ಕಿಂತ ಚಟ್ನಿ ರುಬ್ಬುವ ಯಂತ್ರಕ್ಕೆ ಇಷ್ಟು ಗುಟ್ಟು ಯಾಕೋ!

ಆವತ್ತಿನಿಂದ ಓದು ಶುರುವಾಯಿತು. ನನಗೆ ತುಂಬಾ ಹಿಡಿಸಿದ್ದು ಸ್ಯಾಮ್ಯುಯೆಲ್ ಕೋಲ್ಟ್‌ನ ಹಳೇ ರಿವಾಲ್ವರು. ಈ ಕೋಲ್ಟ್ 1830ರಲ್ಲಿ, ಹದಿನಾರನೇ ವಯಸ್ಸಿಗೆ, ಕಾರ್ವೋ ಅನ್ನೋ ಹಡಗು ಹತ್ತಿ ಬಾಸ್ಟನ್ನಿನಿಂದ ನಮ್ಮ ಕಲ್ಕತ್ತಕ್ಕೆ ಹೊರಟಿದ್ದ. ಆ ಪ್ರಯಾಣದಲ್ಲೇ ಮರದ ತುಂಡು ಕೆತ್ತಿ ತಿರುಗುವ ಬಂದೂಕಿನ ಮೊದಲ ಮಾದರಿ ಮಾಡಿದನಂತೆ. ಹಡಗಿನಲ್ಲಿ ಅವನ ಕೈಗೆ ಚಾಕು ಕೊಟ್ಟವರು ಇದ್ದರು ನೋಡಿ. ದೇವರ ಮನೆಯಲ್ಲಿ ಬಚ್ಚಿಡಲಿಲ್ಲ.

1836ರಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಅವನ ರಿವಾಲ್ವರುಗಳಲ್ಲಿ ಭಾರೀ ಹೆಸರು ಮಾಡಿದ 1851ರ ನೇವಿ ಮಾದರಿಯನ್ನೇ ತೆಗೆದುಕೊಳ್ಳಿ. ದೊಡ್ಡ ಭಾಗಗಳು ಮೂರೇ: ಹಿಡಿಯ ಜೊತೆಗಿನ ಚೌಕಟ್ಟು, ಸಿಲಿಂಡರು, ನಳಿಗೆ. ಚೌಕಟ್ಟಿನಿಂದ ಮುಂದಕ್ಕೆ ಚಾಚಿದ ಒಂದು ಗಟ್ಟಿ ಕಂಬಿ. ಅದಕ್ಕೆ ಸಿಲಿಂಡರನ್ನು ಪೋಣಿಸಬೇಕು, ಅದರ ಮುಂದೆ ನಳಿಗೆಯನ್ನು ಪೋಣಿಸಬೇಕು. ಈ ಇಡೀ ಸಂಸಾರವನ್ನು ಹಿಡಿದಿಟ್ಟುಕೊಂಡಿರೋದು ಅಡ್ಡಕ್ಕೆ ತೂರಿಸಿದ ಒಂದು ಬೆಣೆ.

ಹೌದು, ಬೆಣೆ. ಗುದ್ದಲಿಯ ಕಾವು ಸಡಿಲಾದಾಗ ಕಲ್ಲಿನಿಂದ ಹೊಡೆದು ಕೂರಿಸುತ್ತಾರಲ್ಲ, ಅದೇ ಜಾತಿ. ಇಲ್ಲಿ ಕಬ್ಬಿಣದ್ದು, ಕಿರುಬೆರಳಿಗಿಂತ ಚಿಕ್ಕದು. ಪಕ್ಕಕ್ಕೆ ತಳ್ಳಿದರೆ ಸರಿಯುತ್ತದೆ, ನಳಿಗೆ ಕೈಗೆ ಬರುತ್ತದೆ, ಸಿಲಿಂಡರ್ ಜಾರುತ್ತದೆ. ಬೆಣೆ ಪೂರ್ತಿ ಕಳಚಿ ಬಿದ್ದು ಕಳೆದುಹೋಗದಿರಲಿ ಅಂತ ಅದಕ್ಕೊಂದು ಪುಟ್ಟ ಸ್ಪ್ರಿಂಗು, ಪಕ್ಕದಲ್ಲಿ ಕಾವಲಿಗೆ ಒಂದು ಸ್ಕ್ರೂ. ಇದನ್ನು ಮಾಡಿದವನಿಗೆ ನನ್ನಂಥವರ ಪರಿಚಯ ಚೆನ್ನಾಗಿಯೇ ಇತ್ತು. ಆದರೆ ವಾಪಸ್ ಹಾಕುವಾಗ ಒಂದು ಹದ ಬೇಕು. ಹೆಚ್ಚಿಗೆ ಗುದ್ದಿದರೆ ನಳಿಗೆ ಹಿಂದಕ್ಕೆ ಸರಿದು ಸಿಲಿಂಡರನ್ನೇ ಕಚ್ಚಿ ಹಿಡಿಯುತ್ತದೆ, ತಿರುಗುವುದಿಲ್ಲ. ಸಡಿಲ ಬಿಟ್ಟರೆ ನಡುವೆ ಸಂದಿ. ಬೆಣೆ ಕಿತ್ತ ಕೋತಿಯ ಕಥೆ ನಮಗೆಲ್ಲ ಗೊತ್ತು. ಬೆಣೆ ವಾಪಸ್ ಹೊಡೆಯಲು ಹೋದ ಕೋತಿಯ ಕಥೆ ಯಾರೂ ಹೇಳಲಿಲ್ಲ, ಅದನ್ನು ನಾನು ಬರೆಯುತ್ತಿದ್ದೇನೆ.

ಇದಕ್ಕೆ ಪೈಪೋಟಿ ಕೊಟ್ಟಿದ್ದು ಅಮೆರಿಕದ್ದೇ ಇನ್ನೊಂದು ಕಂಪನಿಯ ರಿವಾಲ್ವರು, ರೆಮಿಂಗ್ಟನ್. ನಳಿಗೆಯ ಮೇಲೆ 1858ರ ಪೇಟೆಂಟ್ ತಾರೀಕು ಅಚ್ಚಾಗಿರುತ್ತಿದ್ದರಿಂದ ಜನ ಅದನ್ನು 1858 ಅಂತಲೇ ಕರೆಯುತ್ತಾರೆ. ಅದರಲ್ಲಿ ಬೆಣೆ ಇಲ್ಲ. ನಳಿಗೆಯ ಕೆಳಗಿನ ಸನ್ನೆಯನ್ನು ಇಳಿಸಿ, ಸಿಲಿಂಡರಿನ ಪಿನ್ನನ್ನು ಮುಂದಕ್ಕೆ ಎಳೆದರೆ ಸಿಲಿಂಡರು ಪಕ್ಕದಿಂದ ಅಂಗೈಗೆ ಉರುಳುತ್ತದೆ. ನಳಿಗೆ ಇದ್ದಲ್ಲೇ ಇರುತ್ತದೆ. ಆಗೆಲ್ಲ ಕರಿ ಮದ್ದು. ನಾಲ್ಕು ಗುಂಡು ಹಾರಿಸಿದರೆ ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಮಸಿ. ಬಿಸಿನೀರು, ಸೋಪು ಹಾಕಿ ತೊಳೆಯದಿದ್ದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಬಿಚ್ಚೋದು ಸುಲಭ ಇರಲೇಬೇಕಿತ್ತು. ಊಟ ಆದ ಮೇಲೆ ತಟ್ಟೆ ತೊಳೆಯುವಷ್ಟೇ ಮಾಮೂಲಿ ಕೆಲಸ ಅದು.

ಸರಿ, ನಮ್ಮ ಕೇಪಿನ ರಿವಾಲ್ವರಿಗೆ ಬರೋಣ. ಅಡುಗೆ ಕಟ್ಟೆಯ ಮೇಲೆ ಮಿಕ್ಸಿ ಪಕ್ಕದಲ್ಲಿ ಸ್ವಲ್ಪ ಜಾಗ ಇತ್ತು. ಅಲ್ಲೇ ಪೇಪರ್ ಹಾಸಿದೆ, ಚಿಕ್ಕಪ್ಪನ ಹಾಗೆ. ಕೇಪಿನ ರಿಂಗನ್ನು ತೆಗೆದು ಸ್ಟೀಲ್ ಲೋಟಕ್ಕೆ ಹಾಕಿದೆ, ಅದೂ ಚಿಕ್ಕಪ್ಪನ ಹಾಗೆ. ಹುಡುಗನಿಗೆ "ಕೈ ಕಟ್ಟಿ ಕೂತ್ಕೋ" ಅಂದೆ. ಕಟ್ಟಿದ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಸ್ಕ್ರೂ ಡ್ರೈವರ್ ದೇವರ ಹತ್ತಿರ. ಪರವಾಗಿಲ್ಲ ಅಂದುಕೊಂಡೆ. 1970ರ ದಶಕದಲ್ಲಿ ಅಮೆರಿಕದ ರೂಗರ್ ಕಂಪನಿಯವರು ಸೆಕ್ಯುರಿಟಿ ಸಿಕ್ಸ್ ಅನ್ನೋ ರಿವಾಲ್ವರ್ ತಂದರು. ಅದರ ಹಿಡಿಯ ಸ್ಕ್ರೂವಿನ ತಲೆಯ ಸೀಳು ಎಷ್ಟು ಅಗಲ ಅಂದರೆ ಜೇಬಿನಲ್ಲಿರುವ ನಾಣ್ಯ ಸಾಕು, ತಿರುಗಿಸಬಹುದು. ಹಿಡಿ ಬಿಚ್ಚಿದ ಮೇಲೆ ಸ್ಪ್ರಿಂಗಿಗೆ ಒಂದು ಸಣ್ಣ ಪಿನ್ನು ಸಿಕ್ಕಿಸಿ ಅದುಮಿಟ್ಟರೆ, ಟ್ರಿಗರಿನ ಇಡೀ ಗುಂಪು ಕೆಳಗಡೆಯಿಂದ ಒಟ್ಟಿಗೇ ಈಚೆಗೆ ಬರುತ್ತದೆ. 1985ರಲ್ಲಿ ಬಂದ ಅದರ ತಮ್ಮ ಜಿಪಿ 100ರಲ್ಲಿ ಆ ಪಿನ್ನನ್ನು ಹಿಡಿಯ ಒಳಗೇ ಒಂದು ಗೂಡು ಮಾಡಿ ಇಟ್ಟುಕೊಟ್ಟಿದ್ದಾರೆ. ಬೀಗದ ಕೈಯನ್ನು ಬಾಗಿಲ ಮೇಲಿನ ಗೂಡಿನಲ್ಲಿ ಇಟ್ಟು ಹೋಗುವ ನಮ್ಮ ಅಜ್ಜಿಯ ಬುದ್ಧಿ.

ಅಂಥ ಕಂಪನಿಯೂ ಎಡವಿದ್ದುಂಟು. ಅವರ ಮೊದಲ ಪಿಸ್ತೂಲು 1949ರದು, ರಿವಾಲ್ವರ್ ಅಲ್ಲ. ಬಿಚ್ಚಿದವರು ಮತ್ತೆ ಜೋಡಿಸಲಾಗದೆ ಅತ್ತಿದ್ದಾರೆ ಅನ್ನುವಷ್ಟು ಅದರ ಕುಖ್ಯಾತಿ. ಒಳಗಿನ ಒಂದು ಕಡ್ಡಿ ಸರಿಯಾದ ಕಡೆಗೆ ವಾಲಿರದಿದ್ದರೆ ಕೊನೇ ಭಾಗ ಜಪ್ಪಯ್ಯ ಅಂದರೂ ಕೂರುವುದಿಲ್ಲ. ಒಂದೇ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಹಾಗೆ ಅದನ್ನು ತಿದ್ದಿದ್ದು 2016ರಲ್ಲಿ. ಅರವತ್ತೇಳು ವರ್ಷ! ಇದನ್ನು ಓದಿದ ದಿನ ನನ್ನ ಗಡಿಯಾರದ ಬಗ್ಗೆ ನನಗೆ ಸ್ವಲ್ಪ ಸಮಾಧಾನ ಆಗಿತ್ತು.

ಐದು ರೂಪಾಯಿ ನಾಣ್ಯ ತೆಗೆದೆ. ಆಟಿಕೆಯ ಮೇಲೆ ಇದ್ದದ್ದು ಐದು ಸಣ್ಣ ಪ್ಲಸ್ ಸ್ಕ್ರೂ, ಗುಳಿಯ ತಳದಲ್ಲಿ. ನಾಣ್ಯ ಅದರ ಬಾಯಿಗೇ ತಾಗಲಿಲ್ಲ. ಕೊನೆಗೆ ಉಗುರು ಕತ್ತರಿಸುವ ಕಟರಿನ ಫೈಲಿನ ತುದಿ ಸರಿಹೊಂದಿತು. ಐದೂ ಸ್ಕ್ರೂ ತೆಗೆದು ಬಟ್ಟಲಿಗೆ ಹಾಕಿದೆ. ಎರಡು ಹೋಳುಗಳಲ್ಲಿ ಒಂದು ಅಲುಗಬೇಕಿತ್ತು, ಅಲುಗಲಿಲ್ಲ.

ಇಂಥ ಜಾಗದಲ್ಲಿ ಏನು ಮಾಡಬೇಕು ಅಂತ ನಾನು ಓದಿದ್ದೆ. ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳಿಗೆ ಪಕ್ಕದಲ್ಲಿ ಒಂದು ತಗಡಿನ ಮುಚ್ಚಳ ಇರುತ್ತದೆ. ಎಷ್ಟು ಬಿಗಿಯಾಗಿ ಕೂತಿರುತ್ತದೆ ಅಂದರೆ ಗೆರೆ ಕೂಡ ಕಾಣಿಸದು. ಸ್ಕ್ರೂ ತೆಗೆದ ಮೇಲೆ ಅದರ ಸಂದಿಗೆ ಏನನ್ನೂ ತೂರಿಸಿ ಮೀಟಬಾರದು, ಅಂಚು ಹಾಳಾಗುತ್ತದೆ. ಮರದ ಹಿಡಿಯಿಂದ ಚೌಕಟ್ಟಿಗೆ ಮೆಲ್ಲಗೆ ತಟ್ಟುತ್ತಾ ಹೋದರೆ ಆ ಅದುರಿಗೆ ಮುಚ್ಚಳ ತಾನಾಗಿಯೇ ಏಳುತ್ತದೆ. ಹಲಸಿನಹಣ್ಣನ್ನು ತಟ್ಟಿ ನೋಡುವಷ್ಟು ನಾಜೂಕು ಸಾಕು. ಒಳಗೆ ಟ್ರಿಗರನ್ನು ಮುಂದಕ್ಕೆ ದೂಡುವ ಒಂದು ಸ್ಪ್ರಿಂಗ್ ಇದೆ. ಅದರ ಕಾಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ಬಿಚ್ಚುವವರೂ ಇದ್ದಾರೆ, ಹಾರಿದರೆ ಚೀಲದಲ್ಲೇ ಇರಲಿ ಅಂತ.

ಎರಡೂ ಗೊತ್ತಿತ್ತು. ಆದರೆ ಹುಡುಗ ನೋಡುತ್ತಿದ್ದ. "ಮಾಮ, ಸ್ಟಿಕ್ಕರ್ ಕೆಳಗೆ ಇನ್ನೊಂದು ಸ್ಕ್ರೂ ಇರಬಹುದಾ?" ಅಂತ ಕೇಳಿದ. ನಾನು ಅಷ್ಟರಲ್ಲಿ ಚಮಚದ ತುದಿಯನ್ನು ಸಂದಿಗೆ ತೂರಿಸಿ ಮೀಟಿಬಿಟ್ಟಿದ್ದೆ.

ಟಣ್.

ನನ್ನ ಕಿವಿಯ ಪಕ್ಕದಲ್ಲೇ ಏನೋ ಹೋಯಿತು. ಮುಚ್ಚಳ ಅರ್ಧ ಎದ್ದಿತ್ತು. ಇನ್ನರ್ಧವನ್ನು ಸ್ಟಿಕ್ಕರಿನ ಕೆಳಗಿದ್ದ ಆರನೇ ಸ್ಕ್ರೂ ಹಿಡಿದಿತ್ತು. ಒಳಗೆ ಸಿಲಿಂಡರ್ ತಿರುಗಿಸುವ ಪುಟ್ಟ ಕೊಕ್ಕೆ ಇತ್ತು, ಅದರ ಬೆನ್ನಿಗೆ ಇರಬೇಕಾದ ಸ್ಪ್ರಿಂಗು ಇರಲಿಲ್ಲ. ಕೊಕ್ಕೆಯ ಹಲ್ಲಿಗೆ ಸುಟ್ಟ ಕೇಪಿನ ಕಾಗದದ ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ನಳಿಗೆ ಮಡಚಿ ಸೂಜಿಯಲ್ಲಿ ಮೀಟಿದ್ದರೆ ಹೊರಗಿನಿಂದಲೇ ಬರುತ್ತಿತ್ತು. ಬಿಚ್ಚುವ ಅಗತ್ಯವೇ ಇರಲಿಲ್ಲ. ಇದನ್ನು ಹುಡುಗನಿಗೆ ಹೇಳಲಿಲ್ಲ.

ಹುಡುಕಾಟ ಶುರುವಾಯಿತು. ಟಾರ್ಚ್ ಬಂತು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತದ ಗಣಪತಿ ಬಂದ. ಅವನನ್ನು ದಾರಕ್ಕೆ ಕಟ್ಟಿ ಕಪಾಟಿನ ಹಿಂದೆ ಇಳಿಬಿಟ್ಟೆ. ಎರಡು ಹೇರ್‌ಪಿನ್ನು, ಒಂದು ಬಾಟಲಿ ಮುಚ್ಚಳ, ಹೋದ ವರ್ಷ ಕಳೆದಿದ್ದ ನನ್ನ ಸ್ಕೂಟರಿನ ಇನ್ನೊಂದು ಕೀ ಸಿಕ್ಕಿತು. ಸ್ಪ್ರಿಂಗ್ ಸಿಗಲಿಲ್ಲ. ತಂಗಿ ಕಜ್ಜಾಯದ ಹಿಟ್ಟನ್ನು ಸೌಟಿನಲ್ಲಿ ತಿರುವಿ ತಿರುವಿ ನೋಡಿದಳು, ಅಲ್ಲೂ ಇಲ್ಲ. ಸಂಜೆ ಹುಡುಗನ ಸೊಂಟದಲ್ಲಿ ಹೊಸ ರಿವಾಲ್ವರ್ ಇತ್ತು. ಅತ್ತೆ ಮಾತು ಉಳಿಸಿಕೊಂಡಿದ್ದಳು. ಹಳೆಯದನ್ನು ಎರಡು ರಬ್ಬರ್ ಬ್ಯಾಂಡ್ ಹಾಕಿ ನಾನು ಟೇಬಲ್ಲಿನ ಡ್ರಾದಲ್ಲಿ ಇಟ್ಟುಕೊಂಡೆ.

ರಾತ್ರಿ ಚಿಕ್ಕಪ್ಪನಿಗೆ ಹಬ್ಬದ ಫೋನ್ ಮಾಡಿದಾಗ ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಆಟದ್ದು ತಾನೇ ಮಾರಾಯ?" ಅಂದರು. ಮತ್ತೆ ಚಿಕ್ಕಮ್ಮನಿಗೆ ಹೇಳಿದ್ದು ಫೋನಿನಲ್ಲೇ ಕೇಳಿಸಿತು: "ಇವನು ಬರ್ತಾನೆ ಅಂದ್ರೆ ಬೀರುವಿಗೆ ಬೀಗ ಹಾಕು."

ಮರುದಿನ ಬೆಳಿಗ್ಗೆ ನನ್ನಾಕೆ ಚಟ್ನಿಗೆ ಅಂತ ಮಿಕ್ಸಿ ಮೇಲೆ ಜಾರು ಇಟ್ಟು ಗುಂಡಿ ತಿರುಗಿಸಿದಳು. ಕರಕರ ಕಟಕಟ ಅಂತ ಮನೆಯೆಲ್ಲ ಅದುರುವ ಸದ್ದು. ನಾನು ಪೇಪರ್ ಬಿಸಾಕಿ ಎದ್ದೆ. ಮಿಕ್ಸಿ ಕೆಟ್ಟಿದೆ, ತಳ ಬಿಚ್ಚಬೇಕು, ನಾಲ್ಕು ಸ್ಕ್ರೂ, ಎರಡು ರಬ್ಬರ್ ಕಾಲಿನ ಒಳಗೆ. ನೇರ ದೇವರ ಮನೆಗೆ ಹೋಗಿ ಸ್ಕ್ರೂ ಡ್ರೈವರಿಗೆ ಕೈ ಹಾಕಿದ್ದೆ.

"ರೀ, ಅಲ್ಲೇ ಇರಿ."

ಅವಳು ಮಿಕ್ಸಿ ಆರಿಸಿ, ಜಾರನ್ನು ಎತ್ತಿದಳು. ಜಾರು ಕೂರುವ ಗುಳಿಯೊಳಗೆ ಎರಡು ಬೆರಳು ಹಾಕಿ ಏನನ್ನೋ ತೆಗೆದಳು. ಬೆಳಕಿಗೆ ಹಿಡಿದು ನೋಡಿದಳು. ಭತ್ತದ ಕಾಳಿನಷ್ಟು ಉದ್ದದ ಸ್ಪ್ರಿಂಗು, ಒಂದು ಕಡೆ ಸ್ವಲ್ಪ ಚಪ್ಪಟೆಯಾಗಿತ್ತು. ಸೆರಗಿನಲ್ಲಿ ಒರೆಸಿ ದೇವರ ಮನೆಗೆ ತಂದಳು, ನನ್ನ ಕೈಯಿಂದ ಸ್ಕ್ರೂ ಡ್ರೈವರ್ ಬಿಡಿಸಿ ಮೊದಲಿದ್ದಲ್ಲೇ ಇಟ್ಟಳು, ಅದರ ಪಕ್ಕದಲ್ಲಿ ಸ್ಪ್ರಿಂಗನ್ನೂ ಇಟ್ಟು ಎರಡಕ್ಕೂ ಸೇರಿಸಿ ಒಂದು ಚಿಟಿಕೆ ಕುಂಕುಮ ಹಾಕಿದಳು.