‘ಆರಾಮ ಅದಾರ್ರಿ’ ಅಂದವರು ಯಾರು?

ಹೋದ ವರ್ಷ ಮಾರ್ಚ್‌ನಲ್ಲಿ ರಜೆಗೆಂದು ಊರಿಗೆ ಬಂದಿದ್ದೆ. ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆ. ಬೆಂಚಿನ ಮೇಲೆ ಜಾಗವಿಲ್ಲದೆ ಜನ ನೆಲದ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ನಮ್ಮ ಕಾಕಾನ ಹೆಸರು ಕೂಗಿದರು. ಒಳಗೆ ಹೋದವರು ಐದು ಮಂದಿ: ಕಾಕಾ, ಕಾಕೂ, ಅವರ ಮಗ, ಅಳಿಯ, ಜೊತೆಗೆ ನಾನು. ಡಾಕ್ಟರು ಫೈಲಿನಿಂದ ತಲೆ ಎತ್ತಿ, "ಹೆಂಗದಾರ?" ಅಂದರು. ಗಮನಿಸಿ, "ಹೆಂಗದೀರಿ" ಅಲ್ಲ, "ಹೆಂಗದಾರ". ಕಾಕಾನ ಮಗ ಥಟ್ಟನೆ, "ಆರಾಮ ಅದಾರ್ರಿ ಸರ" ಅಂದ. ಕಾಕಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಎರಡು ನಿಮಿಷಕ್ಕೆ ಎಲ್ಲರೂ ಹೊರಗೆ.

ಯಾರದೂ ತಪ್ಪು ಅನ್ನಲಾರೆ. ಆ ಡಾಕ್ಟರು ಬೆಳಗ್ಗೆಯಿಂದ ಎಷ್ಟು ಜನರನ್ನು ನೋಡಿದ್ದರೋ. ಆದರೆ ಕಾಕಾನ ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಹೋಗಿತ್ತು. ಆರಾಮ ಇರುವವರ ಗಡಿಯಾರ ಹಾಗೆ ಜಾರುವುದಿಲ್ಲ.

ನಾನು ಮ್ಯಾಂಚೆಸ್ಟರಿಗೆ ಹೋಗಿ 11 ವರ್ಷವಾಯಿತು. ಡಾಕ್ಟರ್ ಅಲ್ಲ. ಕ್ಯಾನ್ಸರ್ ಮೇಲಿನ ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ನೋಡುವ ಪರೀಕ್ಷೆಗಳ, ಡೇಟಾ ನೋಡಿಕೊಳ್ಳುವ ಕೆಲಸ. ಫಾರ್ಮ್ ತುಂಬಿದೆಯಾ, ಯಾವ ಕಾಲಂ ಖಾಲಿ ಬಿಟ್ಟಿದ್ದಾರೆ, ತಾರೀಖು ಹೊಂದುತ್ತದಾ, ಇಷ್ಟೇ. ಗದಗಿಗೆ ಬಂದಾಗಲೆಲ್ಲ ಜನ ಕೇಳುವುದು ಒಂದೇ: "ನಿಮ್ಮಲ್ಲೆ ಇದಕ್ಕ ಹೊಸಾ ಔಷಧ ಬಂದೈತೇನೋ ತಮ್ಮಾ?" ಕಾಕಾನದು ಬಾಯಿ ಕ್ಯಾನ್ಸರ್. ಇಪ್ಪತ್ತು ವರ್ಷ ಅಡಿಕೆ-ತಂಬಾಕು ಜಗಿದ ಕೆನ್ನೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಅಂಗಡಿಯವರು ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಟ್ಟರು. ಕಾಕಾ ಎರಡನ್ನೂ ಅಂಗೈಯಲ್ಲಿ ಕೂಡಿಸಿಕೊಂಡ. ಅಷ್ಟೇ ಬದಲಾವಣೆ. ಅವನಿಗೆ ಹುಬ್ಬಳ್ಳಿಯಲ್ಲಿ ಆದದ್ದು ಆಪರೇಷನ್, ಆಮೇಲೆ ರೇಡಿಯೇಷನ್ (ನಮ್ಮ ಕಡೆ "ಕರೆಂಟ್ ಕೊಡೋದು" ಅಂತಾರೆ), ಜೊತೆಗೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧ. ಮ್ಯಾಂಚೆಸ್ಟರಿನಲ್ಲಿ ಆಗಿದ್ದರೂ ಹೆಚ್ಚೂ ಕಡಿಮೆ ಇದೇ. ಫರಕು ಇರುವುದು ಔಷಧಿಯಲ್ಲಿ ಅಲ್ಲ, ಔಷಧಿಯ ಸುತ್ತ ಇರುವ ಸಣ್ಣ ಸಣ್ಣ ವಿಷಯಗಳಲ್ಲಿ. ಅವುಗಳ ಮೇಲೂ ಸಂಶೋಧನೆ ನಡೆಯುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕ್ಲಿನಿಕಲ್ ರಿಸರ್ಚ್ ಅಂದರೆ "ನಮ್ಮ ಮ್ಯಾಲೆ ಪ್ರಯೋಗ ಮಾಡತಾರ" ಅಂತಲೇ ಹೆದರಿಕೆ.

ತಡ ಮಾಡುವುದನ್ನೇ ತಗೊಳ್ಳಿ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಹೇಳಿದ್ದು: ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೊಂದು ಗಡುವು ಇದೆ. ಊರ ಡಾಕ್ಟರು ತುರ್ತು ಚೀಟಿ ಬರೆದ ದಿನದಿಂದ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು. ನೂರಕ್ಕೆ 85 ಜನರಿಗೆ ಹಾಗಾಗಬೇಕು ಅನ್ನುವುದು ಗುರಿ. ಆ ಗುರಿ ಮುಟ್ಟದೆ ಎಷ್ಟೋ ವರ್ಷವಾಯಿತು, ಪೇಪರಿನವರು ತಿಂಗಳು ತಿಂಗಳೂ ಬೈಯುತ್ತಾರೆ. ಅಲ್ಲಿನವರದು ಸರದಿಯಲ್ಲಿ ನಿಂತು ಆಗುವ ತಡ. ನಮ್ಮ ಕಾಕಾನ ತಡ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮುಂಚೆಯೇ ಮುಗಿದಿತ್ತು. ಮೊದಲು ಮೆಡಿಕಲ್ ಅಂಗಡಿಯ ಬಿ-ಕಾಂಪ್ಲೆಕ್ಸ್ ಗುಳಿಗೆ, ಆಮೇಲೆ ಹಾವೇರಿ ಕಡೆ ಯಾರೋ ಕೊಡುವ ನಾಟಿ ಔಷಧ, ಆಮೇಲೆ ಹಿಂಗಾರಿ ಜೋಳದ ರಾಶಿ. ರಾಶಿ ಮುಗಿಯುವವರೆಗೆ ಬಾಯಿ ಹುಣ್ಣಿಗೆ ಪುರಸೊತ್ತು ಎಲ್ಲಿ? ಒಟ್ಟು ನಾಲ್ಕು ತಿಂಗಳು. ಅದನ್ನು ಎಣಿಸಿದವರು ಯಾರೂ ಇಲ್ಲ, ಎಣಿಸಬೇಕಾದ ಗಡುವೂ ಇರಲಿಲ್ಲ.

ರೇಡಿಯೇಷನ್ನಿನ ಲೆಕ್ಕ ಇನ್ನೂ ಬಿಗಿ. ವಾರಕ್ಕೆ ಐದು ದಿನ, ಆರೂವರೆ ವಾರ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ (ಬಾಯಿಯದೂ ಇದರಲ್ಲೇ ಬರುತ್ತದೆ) ನಡುವೆ ದಿನಗಳು ತಪ್ಪಿದರೆ ಗಡ್ಡೆಯ ಜೀವಕಣಗಳು ಮತ್ತೆ ಬೆಳೆಯಲು ಸಮಯ ಕೊಟ್ಟಂತೆ. ಚಿಕಿತ್ಸೆ ಒಂದು ದಿನ ಹೆಚ್ಚು ಎಳೆದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ ಅಂತ ಹಳೆಯ ಅಧ್ಯಯನಗಳು ತೋರಿಸಿವೆ. ಹಾಗಾಗಿ ಬ್ರಿಟನ್ನಿನಲ್ಲಿ ಇಂಥ ರೋಗಿಗಳನ್ನು ಮೊದಲನೇ ವರ್ಗ ಅಂತ ಬೇರೆ ಮಾಡಿಟ್ಟಿದ್ದಾರೆ. ಇವರ ಚಿಕಿತ್ಸೆ ಎರಡು ದಿನಕ್ಕಿಂತ ಜಾಸ್ತಿ ಲಂಬಿಸಬಾರದು. ಸರಕಾರಿ ರಜೆ ಬಂತು ಅಂದರೆ ಶನಿವಾರ ಕರೆಯುತ್ತಾರೆ, ಇಲ್ಲವೇ ಒಂದೇ ದಿನ ಆರು ತಾಸು ಬಿಟ್ಟು ಎರಡು ಸಲ ಕೊಡುತ್ತಾರೆ. ಕಾಕಾನಿಗೆ ತಪ್ಪಿದ್ದು ಐದು ದಿನ. ಯುಗಾದಿ ಒಂದು, ಮಷಿನ್ ಕೆಟ್ಟದ್ದು ಎರಡು, ಅಳಿಯನ ತಮ್ಮನ ಮದುವೆ ಒಂದು, ಇನ್ನೊಂದು ಸುಮ್ನೆ. ಸುಮ್ನೆ ಅಂದರೆ, "ಇವತ್ತ ಒಲ್ಲೆ" ಅಂದನಂತೆ. ಯಾಕೆ ಒಲ್ಲೆ ಅಂದ ಅಂತ ಯಾರೂ ಕೇಳಿಲ್ಲ.

ಆ ಎರಡು ನಿಮಿಷದ ಭೇಟಿಯ ಮರುದಿನ, ರೇಡಿಯೇಷನ್ನಿಗೆಂದು ಗದಗದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನು ಕಾಕಾನ ಪಕ್ಕ ಕೂತೆ. ಉಳಿದವರು ಹಿಂದಿನ ಸೀಟಿನಲ್ಲಿ. ಅಣ್ಣಿಗೇರಿ ದಾಟಿದ ಮೇಲೆ ಕೇಳಿದೆ: "ಕಾಕಾ, ನುಂಗಾಕ ಬರತೈತೇನು ನಿನಗ?" ಅವನು ಕಿಟಕಿ ಕಡೆ ನೋಡಿದ. ಆಮೇಲೆ ಇಲ್ಲ ಅನ್ನುವಂತೆ ಕೈ ಆಡಿಸಿದ.

"ಮತ್ತ ಹಾಲಾಗ ನೆನಸಿದ ರೊಟ್ಟಿ? ದಿನಾ ತಿಂತೀ ಅಂತಾಳಲ್ಲ ಕಾಕೂ?"

"ಎಮ್ಮಿ ತಿಂತೈತಿ."

ತಾಟು ತಗೊಂಡು ಹಿತ್ತಲಿಗೆ ಹೋಗಿ ಊಟ ಮಾಡುತ್ತಿದ್ದನಂತೆ, ಮೂರು ವಾರದಿಂದ. ಗಾಳಿಗೆ ಕೂರುತ್ತಾನೆ ಅಂದುಕೊಂಡಿದ್ದರು ಮನೆಯವರು.

ನನಗೆ ಆಗ ನೆನಪಾದದ್ದು ನಾನೇ ದಿನಾ ತಿದ್ದುವ ಒಂದು ಫಾರ್ಮ್. ಯುರೋಪಿನಲ್ಲಿ ತಯಾರಾದ, ರೋಗಿಯೇ ತುಂಬಬೇಕಾದ ಪ್ರಶ್ನೆಪಟ್ಟಿ. ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದವರಿಗೆ ಅದರಲ್ಲೊಂದು ಪ್ರಶ್ನೆ ಇದೆ: ಮನೆಯವರ ಎದುರು ಊಟ ಮಾಡಲು ತೊಂದರೆಯಾಗುತ್ತಿದೆಯಾ? ಇಷ್ಟು ವರ್ಷ ಅದೊಂದು ತೀರಾ ಇಂಗ್ಲಿಷ್ ನಾಚಿಕೆಯ ಪ್ರಶ್ನೆ ಅಂತ ನಕ್ಕಿದ್ದೆ. ನಮ್ಮ ಹಿತ್ತಲಿನ ಎಮ್ಮೆಗೆ ಅದರ ಉತ್ತರ ಗೊತ್ತಿತ್ತು.

ಅದೇ ಗುಂಪಿನ ಇನ್ನೊಂದು ಫಾರ್ಮಿನ ಮೊದಲ ಪ್ರಶ್ನೆ, ಭಾರದ ಸೂಟ್‌ಕೇಸ್ ಎತ್ತಲು ಕಷ್ಟವಾಗುತ್ತದಾ ಅಂತ. ಕಾಕೂಗೆ ಹಾಗೆ ಕೇಳಿದರೆ ಯಾವ ಊರಿಗೆ ಹೊಂಟೀ ಅಂತಾಳೆ. ತುಂಬಿದ ಕೊಡ ಅಂತ ಕೇಳಬೇಕು. ರೋಗಿ ಎಷ್ಟು ಗಟ್ಟಿ ಇದ್ದಾರೆ ಅಂತ ಅಳೆಯುವ ಇಕಾಗ್ ಸ್ಕೋರಿನದೂ ಇದೇ ಕಥೆ. ಸೊನ್ನೆ ಅಂದರೆ ಮೊದಲಿನಂತೆ ಎಲ್ಲ ಕೆಲಸ, ನಾಲ್ಕು ಅಂದರೆ ಪೂರಾ ಹಾಸಿಗೆ. ಒಂದು ಅಂದರೆ ಹಗುರ ಕೆಲಸ, ಉದಾಹರಣೆಗೆ ಆಫೀಸ್ ಕೆಲಸ, ಮನೆಯ ಸಣ್ಣಪುಟ್ಟ ಕೆಲಸ. ಎಷ್ಟು ಕೀಮೋ ತಡೆದುಕೊಂಡಾರು ಅಂತ ನಿರ್ಧರಿಸುವಾಗ ಡಾಕ್ಟರು ನೋಡುವ ಸ್ಕೋರ್ ಇದು. ಗದಗಿನ ಹಳ್ಳಿಯಲ್ಲಿ ಇದನ್ನು ಅಳೆಯಬೇಕಾದರೆ ಕೇಳಬೇಕಾದದ್ದು, "ರೊಟ್ಟಿ ಬಡೀತೀರೇನು? ಒಂದ ಹೊತ್ತಿಂದೋ, ಎರಡ ಹೊತ್ತಿಂದೋ?" ಅಂತ. ಆ ಉತ್ತರ ಸುಳ್ಳಾಗುವುದಿಲ್ಲ.

ರೋಗಿಯನ್ನೇ ಕೇಳಿದರೆ ಏನು ಬರುತ್ತದೆ ಅಂತ ನ್ಯೂಯಾರ್ಕಿನಲ್ಲಿ ಪರೀಕ್ಷೆ ಮಾಡಿದ್ದಾರೆ. ಕ್ಯಾನ್ಸರ್ ಹರಡಿದ್ದ 766 ಜನ, ಕೀಮೋ ನಡೆಯುತ್ತಿತ್ತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೂ ಅದೇ ಚಿಕಿತ್ಸೆ, ಆದರೆ ನೋವು, ವಾಂತಿ, ಸುಸ್ತು ಮುಂತಾದ 12 ತೊಂದರೆಗಳಿಗೆ ತಾವೇ ಕಂಪ್ಯೂಟರಿನಲ್ಲಿ ನಂಬರು ಹಾಕಬೇಕು. ನಂಬರು ಏರಿದರೆ ನರ್ಸಿಗೆ ಸಂದೇಶ ಹೋಗುತ್ತದೆ. 2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಗುಂಪಿನಲ್ಲಿ ಅರ್ಧದಷ್ಟು ಜನ ಬದುಕಿದ್ದು 26 ತಿಂಗಳವರೆಗೆ, ನಂಬರು ಹಾಕಿದವರಲ್ಲಿ 31.2 ತಿಂಗಳವರೆಗೆ. ಯಾವ ಹೊಸ ಔಷಧಿಯೂ ಇಲ್ಲ, ಬರೀ ಕೇಳಿದ್ದು. ಅಷ್ಟಕ್ಕೇ ಕುಣಿಯಬಾರದು. ಆಮೇಲೆ ಅಮೆರಿಕದ 52 ಕಡೆ ದೊಡ್ಡದಾಗಿ ಇದನ್ನೇ ಮಾಡಿದಾಗ ಆಯುಷ್ಯದಲ್ಲಿ ಫರಕು ಕಾಣಲಿಲ್ಲ. ಓಡಾಟ ಸುಧಾರಿಸಿತು, ತೊಂದರೆಗಳು ಹತೋಟಿಗೆ ಬಂದವು, ಅಷ್ಟು ಖಚಿತ. ನನಗೆ ಅಷ್ಟೇ ಸಾಕು. ಕಾಕಾನಿಗೂ ಅಷ್ಟೇ ಸಾಕಿತ್ತು.

ಇಷ್ಟು ಹೇಳಿದ ಮೇಲೆ ಇಂಗ್ಲೆಂಡೇ ಸರಿ, ನಮ್ಮದು ತಪ್ಪು ಅಂತ ಅಂದುಕೊಳ್ಳಬೇಡಿ. ನಾನು ಕೆಲಸ ಮಾಡುವ ಕಡೆ ರೋಗಿಯನ್ನು "ನೀವು ಹೇಗಿದ್ದೀರಿ" ಅಂತ ಕೇಳುತ್ತಾರೆ. ಮಗ ಬಾಯಿ ಹಾಕಿದರೆ ನರ್ಸ್ ನಯವಾಗಿ ಅವನನ್ನು ಚಹಾ ಕುಡಿಯಲು ಕಳಿಸುತ್ತಾಳೆ. ಆದರೆ ಬಹಳ ಸಲ ಕಳಿಸಲು ಮಗನೇ ಇರುವುದಿಲ್ಲ. ಎಂಬತ್ತರ ಅಜ್ಜಿ ಫಾರ್ಮಿನ 30 ಪ್ರಶ್ನೆಗೂ ನೀಟಾಗಿ ಟಿಕ್ ಹಾಕಿ, ಕೋಟು ಹಾಕಿಕೊಂಡು, ಮಳೆಯಲ್ಲಿ ಒಬ್ಬಳೇ ಬಸ್ಸಿಗೆ ನಿಲ್ಲುತ್ತಾಳೆ. ಮನೆಗೆ ಹೋದರೆ ಒಂದು ಲೋಟ ನೀರು ಕೊಡುವವರಿಲ್ಲ. ಅದೂ ಆಯುಷ್ಯ ತಿನ್ನುತ್ತದೆ. ಅಮೆರಿಕದಲ್ಲಿ 7 ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮದುವೆಯಾಗಿರುವವರಲ್ಲಿ ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ. 20ರಷ್ಟು ಕಡಿಮೆ ಇತ್ತು. ಅವರಲ್ಲಿ ರೋಗ ಬೇಗ ಪತ್ತೆಯಾಗಿತ್ತು, ಪೂರ್ತಿ ಚಿಕಿತ್ಸೆಯೂ ಹೆಚ್ಚು ಸಿಕ್ಕಿತ್ತು. (ಇದನ್ನು ಓದಿ ಯಾರೂ ಕನ್ಯಾ ನೋಡಲು ಹೊರಡಬೇಡಿ. ಇದು ದಾಖಲೆ ನೋಡಿ ಹೇಳಿದ್ದು, ತಾಳಿ ಕಟ್ಟಿಸಿ ಪರೀಕ್ಷೆ ಮಾಡಿದ್ದಲ್ಲ.) ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಈ ಲಾಭ ಹೆಂಗಸರಿಗಿಂತ ಗಂಡಸರಿಗೆ ಜಾಸ್ತಿ. ಯಾಕೆ ಅಂತ ನಮ್ಮ ಕಡೆ ವಿವರಿಸಬೇಕಿಲ್ಲ ಅಲ್ವಾ? ಕಾಕಾನಿಗೆ ಜಡ್ಡಾದರೆ ಕಾಕೂ ನೀರು ಕಾಸುತ್ತಾಳೆ, ಅಂಬಲಿ ಮಾಡುತ್ತಾಳೆ, ಗುಳಿಗೆ ಎಣಿಸುತ್ತಾಳೆ. ಕಾಕೂಗೆ ಆಗಿದ್ದರೆ ರೇಡಿಯೇಷನ್ ಮುಗಿಸಿ ಬಂದು ಅವಳೇ ರೊಟ್ಟಿ ಬಡಿಯುತ್ತಿದ್ದಳು.

ಹಾಗಾಗಿ ನಮ್ಮ ಐದು ಮಂದಿಯ ಗುಂಪನ್ನು ನಾನು ಹಗುರ ಮಾಡಲಾರೆ. ನಮ್ಮಲ್ಲಿ ಜೊತೆಗೆ ಬರುವವರು ಇದ್ದಾರೆ. ಆದರೆ ಜೊತೆಗೆ ಬಂದವರೇ ಬಾಯಿಯೂ ಆಗಿಬಿಡುತ್ತಾರೆ, ತೊಡಕು ಅಲ್ಲಿ. ಇದರ ಬೇರು ಇನ್ನೊಂದು ಕಡೆ ಇದೆ. ಮನೆಯಲ್ಲಿ "ಕ್ಯಾನ್ಸರ್" ಅನ್ನುವಂತಿಲ್ಲ. "ಗಂಟು", "ಹುಣ್ಣು", "ಆ ಜಡ್ಡು". ಹೆಸರೇ ಹೇಳಬಾರದು ಅಂದಮೇಲೆ ಎದುರಿಗೆ ಕೂರಿಸಿ ಹೇಗಿದೆ ಅಂತ ಕೇಳುವುದು ಹೇಗೆ? ಡಾಕ್ಟರಿಗೂ ಮೊದಲೇ ಹೊರಗೆ ಕರೆದು, "ಅವರಿಗೆ ಹೇಳಬ್ಯಾಡ್ರಿ ಸರ" ಅಂದಿರುತ್ತಾರೆ. ಬಸ್ಸಿನಲ್ಲಿ ಕಾಕಾನಿಗೆ ಇದನ್ನೂ ಕೇಳಿದೆ, ನಿನಗೆ ಏನಾಗಿದೆ ಅಂತ ಗೊತ್ತಾ ಅಂತ. "ಗೇಟಿನ ಮ್ಯಾಲೆ ಅಷ್ಟ ದೊಡ್ಡ ಬೋರ್ಡ್ ಹಾಕ್ಯಾರ. ಏಳನೇತ್ತ ಓದೇನಿ ನಾ" ಅಂದ. ಮನೆಯವರಿಗೆ ಬೇಸರವಾದೀತು ಅಂತ ಅವನು ಗೊತ್ತಿಲ್ಲದವನಂತೆ ಇದ್ದ.

ಆವತ್ತು ಸಿಸ್ಟರಿಗೆ ಹೇಳಿದೆವು. ತೂಕ ನೋಡಿದರು. ಶುರುವಿನಲ್ಲಿ 61 ಕಿಲೋ ಇದ್ದವನು 53. ಮೂಗಿನಿಂದ ನಳಿಗೆ ಹಾಕಿದರು, ರಾಗಿ ಅಂಬಲಿ, ಹಾಲು, ಮೊಟ್ಟೆ ಎಲ್ಲ ಅದರಲ್ಲೇ. ಎರಡು ವಾರದಲ್ಲಿ ತೂಕ ಇಳಿಯುವುದು ನಿಂತಿತು. ಮತ್ತೊಂದು ದಿನವೂ "ಒಲ್ಲೆ" ಅನ್ನಲಿಲ್ಲ. ಆ "ಸುಮ್ನೆ" ತಪ್ಪಿದ ದಿನ ಹಸಿವಿನ ದಿನವಾಗಿತ್ತು ಅಂತ ಆಮೇಲೆ ಹೇಳಿದ. ಎದ್ದು ಬಸ್ ಸ್ಟ್ಯಾಂಡಿನವರೆಗೆ ನಡೆಯಲು ಆಗಿರಲಿಲ್ಲ.

ನಮ್ಮ ದೇಶದಲ್ಲಿ ಸಂಶೋಧನೆ ಇಲ್ಲ ಅಂತಲ್ಲ. ಬಾಯಿ ಕ್ಯಾನ್ಸರಿನಲ್ಲಿ ರೋಗ ಹರಡಬಹುದಾದ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಮೊದಲೇ ತೆಗೆಯಬೇಕಾ, ಅಲ್ಲಿ ರೋಗ ಕಾಣಿಸಿಕೊಂಡ ಮೇಲಾ ಅನ್ನುವ ಹಳೇ ಜಗಳ ಬಗೆಹರಿಸಿದ್ದು ಮುಂಬೈಯ ಟಾಟಾ ಆಸ್ಪತ್ರೆಯ ಟ್ರಯಲ್, 2015ರಲ್ಲಿ. ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕಿದವರು ಶೇ. 80, ಕಾದವರಲ್ಲಿ ಶೇ. 67.5. ಇದನ್ನು ಲೋಕವೇ ಓದಿತು. ದುಬಾರಿ ನಿವೊಲುಮಾಬ್ ಔಷಧಿಯನ್ನು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದ್ದೂ ಅಲ್ಲಿಯವರೇ. ಒಂದು ವರ್ಷ ಬದುಕಿದವರು ಶೇ. 16ರಿಂದ 43ಕ್ಕೆ ಏರಿದರು. ನಮ್ಮ ಜೇಬು ನೋಡಿ ಕೇಳಿದ ಪ್ರಶ್ನೆ ಅದು. ಹಾಗಿದ್ದಮೇಲೆ ಎಮ್ಮೆ ತಿಂದ ರೊಟ್ಟಿಯ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳು ಕೇಳಲಿ. ಎಷ್ಟು ದಿನ ತಪ್ಪಿತು, ಯಾಕೆ ತಪ್ಪಿತು, ಯಾರು ಉತ್ತರ ಕೊಟ್ಟರು: ಮೂರು ಕಾಲಂ. ಅದಕ್ಕೆ ದೊಡ್ಡ ಮಷಿನ್ ಬೇಡ. ಹೊರಗೆ ಕಾಯುವವರಲ್ಲಿ ಓದಿದ ಹುಡುಗರು ಬೇಕಾದಷ್ಟು ಇರುತ್ತಾರೆ.

ನಾನು ವಾಪಸು ಹೊರಡುವ ಮುಂಚೆ ಎಂಟು ಪ್ರಶ್ನೆ ಬರೆದುಕೊಟ್ಟೆ, ನಮ್ಮ ಮಾತಿನಲ್ಲೇ. ಸೊನ್ನೆ ಅಂದರೆ ಏನೂ ಇಲ್ಲ, ನಾಲ್ಕು ಅಂದರೆ ತಡಿಯಾಕ ಆಗಂಗಿಲ್ಲ. ಕೇಳಿ ಬರೆಯುವ ಕೆಲಸ ಎಂಟನೇತ್ತೆಯ ಮೊಮ್ಮಗಳದು. ಪ್ರತಿ ಭಾನುವಾರ ನೋಟ್‌ಬುಕ್ಕಿನ ಫೋಟೋ ವಾಟ್ಸಾಪಿಗೆ ಬರುತ್ತಿತ್ತು. ಮೂರನೇ ವಾರದ ಹಾಳೆಯಲ್ಲಿ ‘ಬಾಯಿ ನೋವು’ ಅನ್ನುವ ಸಾಲಿನ ಮುಂದೆ ಎರಡು ನಂಬರು ಇದ್ದವು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: "ಅಜ್ಜ 2 ಅಂದ. ನನಗ 4 ಅನಸತೈತಿ."

ಸೋಮವಾರ ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿದರಂತೆ. ಅವರು ಓದಿ, ಮೊದಲ ಸಲ ಕಾಕಾನ ಕಡೆ ತಿರುಗಿ ಕೂತು, "ಯಾರದ ಖರೇರಿ, ನಿಮ್ಮದೋ ಹುಡುಗಿದೋ?" ಅಂದರಂತೆ. ಕಾಕಾ ಬಾಗಿಲ ಹೊರಗೆ ನಿಂತ ಮೊಮ್ಮಗಳ ಕಡೆ ಬೆರಳು ಮಾಡಿದನಂತೆ.