ಫ್ರೀ ಪ್ರಯಾಣಕ್ಕೆ ಎಷ್ಟು ಖರ್ಚಾಯ್ತು ಸ್ವಾಮಿ?

ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಸಿಗುವ ಪಾಯಿಂಟ್ ಕೊಟ್ಟು ಪ್ರವಾಸ ಮುಗಿಸಿ ಬಂದವರನ್ನು ಗುರುತು ಹಿಡಿಯುವುದು ಸುಲಭ. ಅವರು ಹೋದ ಊರಿನ ಬಗ್ಗೆ ಮಾತೇ ಆಡುವುದಿಲ್ಲ. ಸಮುದ್ರ ಹೇಗಿತ್ತು ಅಂತ ಕೇಳಿ ನೋಡಿ, ಸೀಟು ಹೇಗೆ ಸಿಕ್ಕಿತು ಅಂತ ಶುರು ಮಾಡುತ್ತಾರೆ. ಯಾವ ಕಾರ್ಡಿನ ಬೋನಸ್ಸು, ಅದನ್ನು ಯಾವ ಏರ್‌ಲೈನ್‌ಗೆ ವರ್ಗಾಯಿಸಿದ್ದು, ಆ ಏರ್‌ಲೈನ್‌ನ ಪಾಯಿಂಟ್ ಕೊಟ್ಟು ಇನ್ನೊಂದು ಏರ್‌ಲೈನ್‌ನ ವಿಮಾನ ಹತ್ತಿದ್ದು, ನಡುರಾತ್ರಿ ಎರಡು ಸೀಟು ಕಾಣಿಸಿದಾಗ ಹೆಂಡತಿಯನ್ನು ಎಬ್ಬಿಸಿ ಪಾಸ್‌ಪೋರ್ಟ್ ನಂಬರ್ ಕೇಳಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿ, ಕೊನೆಗೆ ಎರಡೂ ಕೈ ಅಗಲಿಸಿ 'ಪೂರ್ತಿ ಫ್ರೀ' ಅನ್ನುತ್ತಾರೆ. ಸಮುದ್ರ? ಇತ್ತಂತೆ.

ಈ ಫ್ರೀ ಹಿಂದೆ ಒಂದು ಲೆಕ್ಕವಿದೆ. ಪಾಯಿಂಟ್ ಪಂಡಿತರಿಗೆಲ್ಲ ಅದು ಬಾಯಿಪಾಠ. ಟಿಕೆಟ್‌ನ ನಗದು ಬೆಲೆ ತಗೊಳ್ಳಿ, ಕೈಯಿಂದ ಕಟ್ಟಿದ ತೆರಿಗೆ ಕಳೆಯಿರಿ, ಉಳಿದದ್ದನ್ನು ಕೊಟ್ಟ ಪಾಯಿಂಟ್‌ಗಳಿಂದ ಭಾಗಿಸಿ. ಬಂದ ಉತ್ತರವೇ ಒಂದು ಪಾಯಿಂಟ್‌ನ ಬೆಲೆ. ಅದು ಜಾಸ್ತಿ ಬಂದಷ್ಟೂ ನೀವು ಜಾಣರು.

ಭಾಗಾಕಾರದಲ್ಲಿ ಏನೂ ತಪ್ಪಿಲ್ಲ. ತಪ್ಪಿರುವುದು ಆ ನಗದು ಬೆಲೆಯಲ್ಲಿ. ಮಲಗಿಕೊಂಡು ಹೋಗುವ ಬಿಸಿನೆಸ್ ಕ್ಲಾಸ್ ಸೀಟಿಗೆ ಏರ್‌ಲೈನ್ ಹೇಳುವ ರೇಟನ್ನು ಈ ಮನುಷ್ಯ ಏಳು ಜನ್ಮಕ್ಕೂ ಕೈಯಿಂದ ಕೊಡುತ್ತಿರಲಿಲ್ಲ. ಲೆಕ್ಕದಲ್ಲಿ ಮಾತ್ರ ಅಷ್ಟೂ ಉಳಿತಾಯ. ಬೇಡದ ಆನೆಯನ್ನು ಅರ್ಧ ಬೆಲೆಗೆ ಕೊಂಡು ತಂದು, ಇನ್ನರ್ಧ ಆನೆಯ ದುಡ್ಡು ಉಳಿಸಿದೆ ಅಂತ ಬೀಗಿದ ಹಾಗೆ. ಇನ್ನೂ ಮಜಾ ಏನು ಅಂದರೆ, ಏರ್‌ಲೈನ್ ಇವತ್ತು ಸಂಜೆ ಆ ಸೀಟಿನ ರೇಟನ್ನು ದುಪ್ಪಟ್ಟು ಮಾಡಿದರೆ ಇವರ ಉಳಿತಾಯವೂ ಕೂತಲ್ಲೇ ದುಪ್ಪಟ್ಟಾಗುತ್ತದೆ. ಬೆಲೆ ಏರಿತು ಅಂತ ಖುಷಿಪಡುವ ಗಿರಾಕಿ ಎಲ್ಲಾದರೂ ಇದ್ದರೆ ಇವರೇ. ಅಂದಹಾಗೆ ಆ ಸೂತ್ರದಲ್ಲಿ, ಸೀಟು ಹುಡುಕುತ್ತಾ ನಿದ್ದೆಗೆಟ್ಟ ರಾತ್ರಿಗಳ ಕೂಲಿಗೆ ಒಂದು ಕಾಲಮ್ಮೂ ಇಲ್ಲ.

ಆದರೆ ಪಾಯಿಂಟ್ ಖರ್ಚು ಮಾಡುವುದು ಆಮೇಲಿನ ಮಾತು. ಮೊದಲು ಗಳಿಸಬೇಕಲ್ಲ. ಇವರ ಪರ್ಸ್ ಒಮ್ಮೆ ತೆರೆದು ನೋಡಬೇಕು ನೀವು. ಅದರಲ್ಲಿ ದುಡ್ಡು ಇರುವುದಿಲ್ಲ. ಬರೀ ಕಾರ್ಡು. ಪ್ರತಿ ಕಾರ್ಡಿನ ಮೇಲೂ ಸಣ್ಣ ಬಿಳಿ ಸ್ಟಿಕ್ಕರ್, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಪುಟ್ಟ ಪುಟ್ಟ ಅಕ್ಷರ: 'ಪೆಟ್ರೋಲ್', 'ದಿನಸಿ', 'ಹೊರಗಿನ ಊಟ, ಡಿಸೆಂಬರ್‌ವರೆಗೆ ಮಾತ್ರ', 'ಮುಟ್ಟಬೇಡ, ಜೂನ್‌ನಲ್ಲಿ ಕ್ಯಾನ್ಸಲ್'. ಕೌಂಟರ್‌ನಲ್ಲಿ ಇವರು ಕಾರ್ಡ್ ಆರಿಸುವುದರೊಳಗೆ ಹಿಂದಿನ ಸಾಲಿನವರು ಸಾಮಾನು ಅಲ್ಲೇ ಇಟ್ಟು ಹೊರಟಿರುತ್ತಾರೆ.

ಯಾಕೆ ಇಷ್ಟು ಧ್ಯಾನ ಅಂದರೆ, ಕಾರ್ಡ್ ತಗೊಳ್ಳುವ ಪ್ರತಿ ಅಂಗಡಿಗೂ ನಾಲ್ಕಂಕಿಯ ಒಂದು ಕೋಡ್ ಇರುತ್ತದೆ. ಅದಕ್ಕೆ ಎಂಸಿಸಿ, ಅಂದರೆ ಮರ್ಚೆಂಟ್ ಕೆಟಗರಿ ಕೋಡ್ ಅನ್ನುತ್ತಾರೆ. ಯಾವ ಕಾರ್ಡಿಗೆ ಎಲ್ಲಿ ಜಾಸ್ತಿ ಪಾಯಿಂಟ್ ಅನ್ನುವುದು ಈ ಕೋಡಿನ ಮೇಲೆ ನಿಂತಿದೆ. ದಿನಸಿ ಸೂಪರ್‌ಮಾರ್ಕೆಟ್‌ಗೆ 5411, ರೆಸ್ಟೋರೆಂಟ್‌ಗೆ 5812, ಪೆಟ್ರೋಲ್ ಬಂಕ್‌ಗೆ 5541. ನಾವು ನೀವೆಲ್ಲ ಊಟ ಚೆನ್ನಾಗಿದೆಯಾ ಅಂತ ವಿಚಾರಿಸಿ ಒಳಗೆ ಹೋಗುತ್ತೇವೆ, ಅಲ್ವಾ? ಇವರು ಕೋಡ್ ವಿಚಾರಿಸುತ್ತಾರೆ. ಎಲ್ಲಾದರೂ ತಂಗುವ ಹೋಟೆಲ್‌ನ ಒಳಗಿರುವ ರೆಸ್ಟೋರೆಂಟ್‌ನಲ್ಲಿ ಉಂಡು, ಆ ಬಿಲ್ಲು ಊಟದ ಲೆಕ್ಕಕ್ಕೆ ಬೀಳದೆ 7011 ಅನ್ನುವ ವಸತಿಯ ಲೆಕ್ಕಕ್ಕೆ ಬಿತ್ತೋ, ಮುಗಿಯಿತು. ಉಂಡದ್ದು ಮೈಗೆ ಹತ್ತುವುದಿಲ್ಲ. ಸ್ನೇಹಿತರ ಜೊತೆ ಊಟಕ್ಕೆ ಹೋದಾಗ 'ಏಯ್ ಬಿಡ್ರೋ, ನಾನು ಕೊಡ್ತೀನಿ' ಅಂತ ಬಿಲ್ಲಿನ ಮೇಲೆ ಹಾರಿ ಬಿದ್ದರೆ ಉದಾರಿ ಅಂದುಕೊಳ್ಳಬೇಡಿ. ಕಾರ್ಡ್ ಉಜ್ಜಿದ ಎರಡೇ ನಿಮಿಷಕ್ಕೆ ಎಲ್ಲರ ಫೋನಿಗೂ 'ನಿನ್ನ ಪಾಲು ಇಷ್ಟು' ಅಂತ ಮೆಸೇಜ್ ಬಂದಿರುತ್ತದೆ. ದುಡ್ಡು ಎಲ್ಲರದು, ಪಾಯಿಂಟ್ ಒಬ್ಬರದು.

ಸ್ವಾಗತ ಬೋನಸ್ ಅಂತ ಇನ್ನೊಂದಿದೆ. ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದರೆ ಅಷ್ಟು ಪಾಯಿಂಟ್. ಎರಡೂವರೆ ತಿಂಗಳು ಕಳೆದಿರುತ್ತದೆ, ಗುರಿ ಇನ್ನೂ ದೂರ. ಆಗ ಇದ್ದಕ್ಕಿದ್ದಂತೆ ಮನೆಯ ಒಳ್ಳೆಯ ವಾಷಿಂಗ್ ಮಷೀನ್ ಏನೋ ಸದ್ದು ಮಾಡುತ್ತಿದೆ ಅನ್ನಿಸತೊಡಗುತ್ತದೆ. ಮುಂದಿನ ವರ್ಷದ ಇನ್ಶೂರೆನ್ಸ್ ಈಗಲೇ ಕಟ್ಟುವುದು ದೂರದೃಷ್ಟಿ ಅನ್ನಿಸುತ್ತದೆ. ಖರ್ಚು ಮಾಡಿ ಉಳಿಸುವ ಈ ವಿದ್ಯೆಯಲ್ಲಿ ಉಳಿತಾಯ ಜಾಸ್ತಿಯಾದಷ್ಟೂ ಅಕೌಂಟ್ ಬರಿದು.

ಈ ಪಂಥಕ್ಕೆ ಪುರಾಣಪುರುಷರೂ ಇದ್ದಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಸಿವಿಲ್ ಎಂಜಿನಿಯರ್ ಡೇವಿಡ್ ಫಿಲಿಪ್ಸ್ ಒಂದು ಆಹಾರ ಕಂಪನಿಯ ಕೊಡುಗೆಯನ್ನು ಗಮನವಿಟ್ಟು ಓದಿದರು. ಹತ್ತು ಬಾರ್‌ಕೋಡ್ ಕಳಿಸಿದರೆ 500 ಮೈಲಿ (ಏರ್‌ಲೈನ್‌ನವರ ಪಾಯಿಂಟ್‌ಗೆ ಇದೇ ಹೆಸರು), ಬೇಗ ಕಳಿಸಿದರೆ 1000. ಅದೇ ಬ್ರ್ಯಾಂಡಿನ ಪುಡಿಂಗ್ ಕಪ್ಪು 25 ಸೆಂಟ್‌ಗೆ ಸಿಗುತ್ತಿತ್ತು. 12,150 ಕಪ್ ಕೊಂಡರು. ಖರ್ಚಾದದ್ದು ಸುಮಾರು 3,140 ಡಾಲರ್, ಬಂದದ್ದು 12 ಲಕ್ಷಕ್ಕೂ ಜಾಸ್ತಿ ಮೈಲಿ. ಅಷ್ಟು ಬಾರ್‌ಕೋಡ್ ಕೀಳುವವರು ಯಾರು? ಪುಡಿಂಗನ್ನು ಸಾಲ್ವೇಶನ್ ಆರ್ಮಿ ಅನ್ನುವ ಸೇವಾಸಂಸ್ಥೆಗೆ ದಾನ ಕೊಟ್ಟರು, ಅಲ್ಲಿಯ ಸ್ವಯಂಸೇವಕರು ಕಿತ್ತುಕೊಟ್ಟರು, ದಾನ ಮಾಡಿದ್ದಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ಇದು ನಿಜಕ್ಕೂ ಜಾಣತನ, ಟೋಪಿ ತೆಗೆಯಲೇಬೇಕು. ತೊಂದರೆ ಏನು ಅಂದರೆ, ಅವತ್ತಿನಿಂದ ಪಾಯಿಂಟ್ ಇಟ್ಟುಕೊಂಡ ಪ್ರತಿಯೊಬ್ಬರೂ ತಾವೇ ಫಿಲಿಪ್ಸ್ ಅಂದುಕೊಂಡಿದ್ದಾರೆ.

ಅಮೆರಿಕದ ಟಂಕಸಾಲೆಯ ಕಥೆ ಇದಕ್ಕಿಂತ ಚಂದ. ಒಂದು ಡಾಲರ್ ನಾಣ್ಯ ಜನರ ಕೈಯಲ್ಲಿ ಓಡಾಡಲಿ ಅಂತ ಸರ್ಕಾರ ಅದನ್ನು ಮುಖಬೆಲೆಗೇ, ಅಂಚೆ ಖರ್ಚಿಲ್ಲದೆ ಮನೆಗೆ ಕಳಿಸುತ್ತಿತ್ತು. ಕಾರ್ಡ್‌ನಲ್ಲೂ ಕೊಳ್ಳಬಹುದಿತ್ತು. ಸರಿ, ಜನ ಪೆಟ್ಟಿಗೆಗಟ್ಟಲೆ ತರಿಸಿದರು, ಸುರುಳಿಯ ಕಾಗದವನ್ನೂ ಬಿಚ್ಚದೆ ಸೀದಾ ಬ್ಯಾಂಕಿಗೆ ಹೊತ್ತು ಹಾಕಿದರು, ಅದೇ ದುಡ್ಡಿನಲ್ಲಿ ಕಾರ್ಡಿನ ಬಿಲ್ಲು ತೀರಿಸಿದರು. ದುಡ್ಡು ಕೊಟ್ಟು ದುಡ್ಡು ಕೊಂಡು, ಆ ದುಡ್ಡಿನಿಂದ ದುಡ್ಡಿನ ಸಾಲ ತೀರಿಸಿ, ನಡುವೆ ಪಾಯಿಂಟ್ ಕಿತ್ತುಕೊಂಡರು. 2011ರಲ್ಲಿ ಟಂಕಸಾಲೆ ಈ ಯೋಜನೆಗೆ ಕಾರ್ಡ್ ತಗೊಳ್ಳುವುದನ್ನೇ ನಿಲ್ಲಿಸಿತು.

ಇದು ಬರೀ ಮಧ್ಯಮ ವರ್ಗದ ಚಟ ಅಂದುಕೊಂಡರೂ ತಪ್ಪು. ಚೀನಾದ ಕೋಟ್ಯಧಿಪತಿ ಲಿಯು ಯಿಚಿಯಾನ್ 2014ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಮಿಂಗ್ ಕಾಲದ, ಕೋಳಿಗಳ ಚಿತ್ರವಿರುವ ಪುಟ್ಟ ಬಟ್ಟಲನ್ನು 3.6 ಕೋಟಿ ಡಾಲರ್‌ಗೆ ಕೂಗಿದರು. ಹಣ ಕಟ್ಟಲು ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡನ್ನು 24 ಸಲ ಉಜ್ಜಿದರು. ಆಮೇಲೆ ಅದೇ ಬಟ್ಟಲಲ್ಲಿ ಚಹಾ ಕುಡಿದರು. ಮರುವರ್ಷ ಇಟಲಿಯ ಕಲಾವಿದ ಮೊಡಿಲಿಯಾನಿಯ ಒಂದು ಚಿತ್ರ, 17 ಕೋಟಿ ಡಾಲರ್. ಅದಕ್ಕೂ ಕಾರ್ಡೇ. ವಿಮಾನವನ್ನೇ ಕೊಳ್ಳಬಲ್ಲವರಿಗೂ ಫ್ರೀ ಟಿಕೆಟ್ ಬಿಡಲು ಮನಸ್ಸಿಲ್ಲ ಅಂದಮೇಲೆ ಉಳಿದವರನ್ನು ಬೈದು ಏನು ಪ್ರಯೋಜನ.

ಈಗ ಆ ಕಡೆ ಕೂತವರು ಏನು ಮಾಡುತ್ತಿದ್ದಾರೆ ನೋಡೋಣ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಎಡ್ವಾಂಟೇಜ್ ಅನ್ನುವ ತನ್ನ ಮೈಲಿ ಯೋಜನೆ ಶುರು ಮಾಡಿದಾಗ ವಿಷಯ ಸರಳವಾಗಿತ್ತು. ಎಷ್ಟು ಮೈಲಿ ಹಾರಿದಿರೋ ಅಷ್ಟು ಮೈಲಿ ನಿಮ್ಮ ಖಾತೆಗೆ. ಈಗ ಮೈಲಿಗೂ ಹಾರುವುದಕ್ಕೂ ಇದ್ದ ನಂಟು ಹರಿದುಹೋಗಿದೆ. 2022ರಿಂದ ಅದೇ ಕಂಪನಿಯಲ್ಲಿ ಕಾರ್ಡಿನ ಖರ್ಚಿನಿಂದಲೇ ಅಂತಸ್ತು ಏರಿಸಿಕೊಳ್ಳಬಹುದು. ಅಂದರೆ ಒಮ್ಮೆಯೂ ವಿಮಾನ ಹತ್ತದೆ, ಪದೇ ಪದೇ ವಿಮಾನ ಹತ್ತುವವರಿಗೆ ಸಿಗುವ ಮರ್ಯಾದೆ ಪಡೆಯಬಹುದು. ಮನೆಯಲ್ಲೇ ಕೂತು ಗೋಲ್ಡ್ ಮೆಂಬರ್ ಆಗಬಹುದು.

ಡೆಲ್ಟಾ ಏರ್‌ಲೈನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಎಲ್ಲಿಂದ ಎಲ್ಲಿಗೆ ಎಷ್ಟು ಮೈಲಿ ಬೇಕು ಅನ್ನುವ ಪಟ್ಟಿಯನ್ನೇ 2015ರಲ್ಲಿ ತೆಗೆದುಹಾಕಿತು. ಬೆಲೆ ಏರಿಸಿದರೆ ತಾನೇ ಜನ ಬೈಯುವುದು? ಬೆಲೆಪಟ್ಟಿಯೇ ಇಲ್ಲದಿದ್ದರೆ ಏರಿದ್ದು ಯಾರಿಗೆ ಗೊತ್ತಾಗಬೇಕು? ಈ ಪಾಯಿಂಟ್‌ಗಳನ್ನು ಅಚ್ಚು ಹಾಕುವವರೂ ಅವರೇ, ಬೆಲೆ ಕಟ್ಟುವವರೂ ಅವರೇ, ಅವಧಿ ಮುಗಿಯಿತು ಅಂತ ಒರೆಸಿಹಾಕುವವರೂ ಅವರೇ. ಏರ್‌ಲೈನ್ ಇವನ್ನು ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ನಿಮಗೆ ಹಂಚುತ್ತದೆ. 2020ರಲ್ಲಿ ಕೊರೋನಾ ಬಂದು ವಿಮಾನಗಳೆಲ್ಲ ನೆಲ ಹಿಡಿದಾಗ ಯುನೈಟೆಡ್ ಏರ್‌ಲೈನ್ಸ್ ಸಾಲಕ್ಕೆ ಹೊರಟಿತು. ಅಡವಿಟ್ಟದ್ದು ಯಾವುದನ್ನು? ತನ್ನ ಮೈಲೇಜ್‌ಪ್ಲಸ್ ಪಾಯಿಂಟ್ ಯೋಜನೆಯನ್ನು. ಅದಕ್ಕೆ ಸುಮಾರು 22 ಬಿಲಿಯನ್ ಡಾಲರ್ ಬೆಲೆ ಕಟ್ಟಿ, 6.8 ಬಿಲಿಯನ್ ಡಾಲರ್ ಸಾಲ ಎತ್ತಿತು. ಆಗ ಇಡೀ ಕಂಪನಿಯ ಶೇರುಗಳ ಒಟ್ಟು ಬೆಲೆ ಅದರ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಅಂದರೆ ವಿಮಾನ, ಪೈಲಟ್ಟು, ಮಾರ್ಗ ಎಲ್ಲ ಸೇರಿದ ಕಂಪನಿಗಿಂತ ಅದರ ಪಾಯಿಂಟ್ ಅಂಗಡಿಗೇ ಬೆಲೆ ಜಾಸ್ತಿ. ಪಾಯಿಂಟ್‌ನಿಂದ ಪೂರ್ತಿ ಲಾಭ ತೆಗೆಯುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿರುವವರಿಗೆ ಉತ್ತರ ಇಲ್ಲೇ ಇದೆ: ಏರ್‌ಲೈನ್ ತೆರೆಯಿರಿ.

ಇಂಥ ಪಾಯಿಂಟನ್ನು ಕೂಡಿಡುವವರೂ ಇದ್ದಾರೆ. 'ಸುಮ್ನೆ ಯಾಕೆ ವೇಸ್ಟ್ ಮಾಡೋದು, ದೊಡ್ಡ ಟ್ರಿಪ್‌ಗೆ ಇರಲಿ' ಅಂತ ವರ್ಷಗಟ್ಟಲೆ ಇಡುತ್ತಾರೆ. ಬಡ್ಡಿ ಬರುವುದಿಲ್ಲ, ಬೆಲೆ ಮಾತ್ರ ಇಳಿಯುತ್ತಾ ಹೋಗುತ್ತದೆ. ಕೊನೆಗೂ ಒಂದು ದಿನ ಮನಸ್ಸು ಗಟ್ಟಿ ಮಾಡಿ ಕೂತರೆ, ಬೇಕಾದ ದಿನ ಸೀಟಿಲ್ಲ. ಇದ್ದರೂ ಗಂಡನಿಗೆ ಸೋಮವಾರ, ಹೆಂಡತಿಗೆ ಗುರುವಾರ. ಹೇಗೋ ಎರಡು ಸೀಟು ಒಟ್ಟಿಗೆ ಕಂಡಿತು ಅಂತ ಬ್ಯಾಂಕಿನ ಪಾಯಿಂಟನ್ನು ಏರ್‌ಲೈನ್‌ಗೆ ವರ್ಗಾಯಿಸುತ್ತಾರೆ. ಕೆಲವು ಸಲ ಅದು ತಲುಪಲು ಒಂದೆರಡು ದಿನ ಬೇಕು. ತಲುಪುವಷ್ಟರಲ್ಲಿ ಸೀಟು ಮಾಯ. ಪಾಯಿಂಟ್ ವಾಪಸ್ ಬರುತ್ತದಾ? ಅದು ಒನ್‌ವೇ ರಸ್ತೆ ಸ್ವಾಮಿ. ಈಗ ಆ ಏರ್‌ಲೈನ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಇವರ ಪ್ರವಾಸ. ಮೇಲೆ ಫ್ರೀ ಟಿಕೆಟ್ಟಿಗೆ ಇಂಧನದ ಸರ್‌ಚಾರ್ಜ್ ಬೇರೆ. ಬಹುಶಃ ಟಿಕೆಟ್ ಮಾತ್ರ ಫ್ರೀ, ವಿಮಾನ ಹಾರಬೇಕಾದರೆ ದುಡ್ಡು.

ಕಾರ್ಡ್ ತೋರಿಸಿ ಒಳಹೋಗುವ ಏರ್‌ಪೋರ್ಟ್ ಲೌಂಜ್ ವಿಷಯ ಜಾಸ್ತಿ ಹೇಳುವುದಿಲ್ಲ. ಗದ್ದಲ ತಪ್ಪಿಸಿಕೊಳ್ಳಲು ಎಲ್ಲರೂ ಒಂದೇ ಕೋಣೆಗೆ ನುಗ್ಗಿದರೆ ಏನಾಗುತ್ತದೋ ಅದೇ ಆಗಿದೆ. ಹೊರಗೆ ಕುರ್ಚಿ ಖಾಲಿ, ಲೌಂಜ್ ಬಾಗಿಲಲ್ಲಿ ಕ್ಯೂ.

ನಗು ಸ್ವಲ್ಪ ಕಡಿಮೆಯಾಗುವ ಜಾಗ ಇನ್ನೊಂದಿದೆ. ಈ ಫ್ರೀ ಸೀಟಿನ ದುಡ್ಡು ಎಲ್ಲಿಂದಲೋ ಬರಲೇಬೇಕಲ್ಲ. ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ಶುಲ್ಕ ಕಟ್ಟುತ್ತಾರೆ. ಅದನ್ನು ಸಾಮಾನಿನ ಬೆಲೆಗೆ ಸೇರಿಸುತ್ತಾರೆ. ಆ ಬೆಲೆಯನ್ನು ಕಾರ್ಡೇ ಇಲ್ಲದವರೂ ಕೊಡುತ್ತಾರೆ. ಬೋಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಅಮೆರಿಕದ ಲೆಕ್ಕ ಹಾಕಿ ತೋರಿಸಿದರು: ನಗದು ಕೊಡುವ ಒಂದು ಮನೆಯ ಕೈಯಿಂದ ವರ್ಷಕ್ಕೆ ಸರಾಸರಿ 149 ಡಾಲರ್ ಜಾರುತ್ತದೆ, ಕಾರ್ಡ್ ಉಜ್ಜುವ ಮನೆಗೆ 1,133 ಡಾಲರ್ ಬಂದು ಸೇರುತ್ತದೆ. ಇದು ಸಾಲದು ಅಂತ, ಪೂರ್ತಿ ಬಿಲ್ ಕಟ್ಟಲಾಗದೆ ಮಿನಿಮಮ್ ಕಟ್ಟಿ ಬಡ್ಡಿಗೆ ಬೀಳುವವರೂ ಈ ಫ್ರೀ ಸೀಟಿಗೆ ತಮ್ಮ ಪಾಲು ತುಂಬುತ್ತಾರೆ. ಯುರೋಪಿಯನ್ ಒಕ್ಕೂಟ 2015ರಲ್ಲಿ, ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳಲ್ಲಿ ಅಂಗಡಿಯ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೊಡುವ ಪಾಲನ್ನು 0.3 ಪ್ರತಿಶತಕ್ಕೆ ಕಟ್ಟಿಹಾಕಿತು. ಅಲ್ಲಿ ಪಾಯಿಂಟ್ ಹಬ್ಬ ಸಪ್ಪೆಯಾಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಪಂಡಿತರು ಈ ನಿಯಮವನ್ನು ದುರಂತ ಅನ್ನುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಒಬ್ಬ ಪಂಡಿತರಿಗೆ ಸಲಹೆ ಕೊಡಲು ಹೋದೆ. 'ಒಂದೇ ಕಾರ್ಡ್ ಇಟ್ಕೊಳ್ಳಿ ಸಾರ್. ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟಿ, ಪಾಯಿಂಟ್ ಬದಲು ಕ್ಯಾಶ್‌ಬ್ಯಾಕ್ ತಗೊಳ್ಳಿ. ಯಾವ ಊರಿಗೆ ಬೇಕೋ ಆ ಊರಿಗೆ, ಬೇಕಾದ ದಿನ ಟಿಕೆಟ್ ಕೊಂಡ್ಕೊಂಡು ಹೋಗಬಹುದಲ್ಲ' ಅಂದೆ. ಅವರು ಸ್ಟಿಕ್ಕರ್ ಹಚ್ಚುತ್ತಿದ್ದ ಹೊಸ ಕಾರ್ಡನ್ನು ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

'ಕ್ಯಾಶ್‌ಬ್ಯಾಕಾ? ಅದ್ರಲ್ಲಿ ಏನ್ ಸಿಗುತ್ತೆ ಮಾರಾಯ್ರೇ, ಬರೀ ದುಡ್ಡು.'