ಎಂಟು ಕಿಲೋಮೀಟರ್ ಆಚೆಯ ಟ್ಯಾಂಕನ್ನು ಗುರುತಿಸುವವರು ಯಾರು?

ಟ್ಯಾಂಕ್ ನಿರೋಧಕ ಕ್ಷಿಪಣಿಯೊಂದರ ಪರೀಕ್ಷೆ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಎದ್ದು ಕಾಣುವುದು ಅದರ ವ್ಯಾಪ್ತಿಯ ಅಂಕಿ. ನಮ್ಮ ದೇಶದ ನಾಗ್‌ಗೆ 4 ಕಿ.ಮೀ., ಹೆಲಿಕಾಪ್ಟರಿನಿಂದ ಉಡಾಯಿಸುವ ಹೆಲಿನಾಗೆ 7 ಕಿ.ಮೀ., 2021ರ ಡಿಸೆಂಬರಿನಲ್ಲಿ ಪೋಖ್ರಾನ್‌ನಲ್ಲಿ ಪರೀಕ್ಷೆಗೊಂಡ ಸಾಂಟ್‌ಗೆ 10 ಕಿ.ಮೀ. ಅಷ್ಟು ದೂರ ಹಾರುವ ಕೆಲಸ ರಾಕೆಟ್ ಎಂಜಿನ್ನಿನದು. ಆದರೆ ಅಷ್ಟು ದೂರದಲ್ಲಿ ಯಾವುದನ್ನು ಹೊಡೆಯಬೇಕು ಎಂಬುದು ಕ್ಷಿಪಣಿಗೆ ಹೇಗೆ ತಿಳಿಯುತ್ತದೆ ಎನ್ನುವ ಪ್ರಶ್ನೆ ಬಹಳ ಕಠಿಣವಾದದ್ದು, ಮತ್ತು ಅದರ ಬಗ್ಗೆ ಸಾರ್ವಜನಿಕವಾಗಿ ನಡೆಯುವ ಮಾತು ತೀರ ಕಡಿಮೆ. ನಾಲ್ಕೈದು ಕಿಲೋಮೀಟರ್ ಒಳಗೆ ಉಡಾಯಿಸಿ ಮರೆತುಬಿಡುವ, ಅಂದರೆ 'ಫೈರ್ ಅಂಡ್ ಫರ್ಗೆಟ್' ವಿಧಾನ ಸರಿಯಾದದ್ದು. ಅದರಾಚೆಗೆ ಕ್ಷಿಪಣಿಯ ಕಣ್ಣಿಗೆ ಕಂಡದ್ದು ಮನುಷ್ಯನಿಗೂ ಕಾಣುತ್ತಿರಬೇಕು, ಅದನ್ನು ತಿರುಗಿಸುವ ಇಲ್ಲವೆ ತಡೆಯುವ ಅಧಿಕಾರ ಕೊನೆಯವರೆಗೂ ಅವನ ಕೈಯಲ್ಲಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಭೌತಶಾಸ್ತ್ರ ಕಲಿಸುವವನಾಗಿ ಇದರ ಕಾರಣಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಪೀಳಿಗೆಯ ಕ್ಷಿಪಣಿಗಳಲ್ಲಿ ಎಲ್ಲ ಕೆಲಸವೂ ಮನುಷ್ಯನದೇ ಆಗಿತ್ತು. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಈಜಿಪ್ಟಿನ ಸೈನಿಕರು ಬಳಸಿದ ಸೋವಿಯತ್ 'ಮಾಲ್ಯುಟ್ಕಾ' ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ, ಹಿಂದೆ ತೆಳುವಾದ ತಂತಿಯನ್ನು ಬಿಚ್ಚುತ್ತ ಹಾರುತ್ತಿತ್ತು. ಸೈನಿಕ ಒಂದೇ ಸಮಯದಲ್ಲಿ ಕ್ಷಿಪಣಿಯನ್ನೂ ಟ್ಯಾಂಕನ್ನೂ ನೋಡುತ್ತ, ಪುಟ್ಟ ಹಿಡಿಕೆಯಿಂದ ಅದನ್ನು ತಿರುಗಿಸುತ್ತ 3 ಕಿ.ಮೀ. ದೂರಕ್ಕೆ ತಲುಪಿಸಲು ಸುಮಾರು 25 ಸೆಕೆಂಡು ಬೇಕಿತ್ತು. ಆ 25 ಸೆಕೆಂಡುಗಳಲ್ಲಿ ಅವನ ಏಕಾಗ್ರತೆ ಕೆಡಿಸಿದರೆ ಸಾಕು ಎಂದು ಅರಿತ ಇಸ್ರೇಲಿಗಳು, ಕ್ಷಿಪಣಿ ಹೊರಟ ದಿಕ್ಕಿಗೇ ಗುಂಡಿನ ಮಳೆ ಸುರಿಸುವುದನ್ನು ಕಲಿತರು. ನಮ್ಮ ಭಾರತ್ ಡೈನಾಮಿಕ್ಸ್ ಸಂಸ್ಥೆ ತಯಾರಿಸಿದ ಮೊದಲ ಕ್ಷಿಪಣಿ, ಫ್ರಾನ್ಸ್ ಮೂಲದ ಎಸ್ಎಸ್-11, ಇದೇ ಪೀಳಿಗೆಯದು. ಅನಂತರ ಅದೇ ಸಂಸ್ಥೆಯಿಂದ ಬಂದ ಮಿಲಾನ್ ಮತ್ತು ಕೊಂಕುರ್ಸ್‌ಗಳಲ್ಲಿ ಸೈನಿಕ ಟ್ಯಾಂಕಿನ ಮೇಲೆ ದೂರದರ್ಶಕದ ಗೆರೆಯನ್ನಷ್ಟೇ ಇಟ್ಟಿರುತ್ತಾನೆ. ಕ್ಷಿಪಣಿಯ ಹಿಂಬದಿಯ ಇನ್‌ಫ್ರಾರೆಡ್ ಬೆಳಕನ್ನು ಲಾಂಚರ್ ಹಿಂಬಾಲಿಸಿ, ಗೆರೆಯಿಂದ ಎಷ್ಟು ಸರಿದಿದೆ ಎಂದು ಅಳೆದು, ತಂತಿಯ ಮೂಲಕ ತಾನೇ ತಿದ್ದುತ್ತದೆ. ಆ ಬೆಳಕನ್ನೇ ಅನುಕರಿಸುವ ದೀಪಗಳನ್ನು ಟ್ಯಾಂಕಿನ ಮೇಲೆ ಕೂರಿಸಿ ಲಾಂಚರನ್ನು ಮೋಸಗೊಳಿಸಲು ರಷ್ಯನ್ನರು 'ಶ್ಟೋರಾ' ಎಂಬ ಸಾಧನ ಮಾಡಿದರು. ಇಂಥ ಮೋಸಕ್ಕೆ ಎಡೆಯಿಲ್ಲದಂತೆ ರಷ್ಯದ ಕೋರ್ನೆಟ್ ಮತ್ತು ನಮ್ಮ ಟಿ-90 ಟ್ಯಾಂಕಿನಿಂದ ಹಾರುವ ಇನ್ವಾರ್‌ಗಳಲ್ಲಿ ಲೇಸರ್ ಕಿರಣವೇ ದಾರಿಯಾಯಿತು. ಕಿರಣವನ್ನು ಗ್ರಹಿಸುವ ಕಣ್ಣು ಕ್ಷಿಪಣಿಯ ಹಿಂಬದಿಯಲ್ಲಿ ಲಾಂಚರಿನ ಕಡೆಗೆ ಮುಖಮಾಡಿರುವುದರಿಂದ ಶತ್ರುವಿಗೆ ಅದನ್ನು ಕೆಡಿಸುವುದು ಬಲು ಕಷ್ಟ.

ಇವೆಲ್ಲಕ್ಕೂ ಒಂದು ಸಮಾನ ಮಿತಿ ಇದೆ, ಮತ್ತು ಅದು ಜ್ಯಾಮಿತಿಯಲ್ಲೇ ಅಡಗಿದೆ. ಲಾಂಚರಿನಲ್ಲಿ ಕೂತು ಅಳೆಯುವುದು ಕೋನವನ್ನು. ಕೋನದ ತಪ್ಪು ದೂರದೊಂದಿಗೆ ಬೆಳೆಯುತ್ತ ಹೋಗುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮೀಟರಿನಷ್ಟು ಹರಡುವ ಕೋನವನ್ನು ಮಿಲಿರೇಡಿಯನ್ ಎನ್ನುತ್ತಾರೆ. 0.2 ಮಿಲಿರೇಡಿಯನ್‌ನಷ್ಟು ಸಣ್ಣ ತಪ್ಪು 2 ಕಿ.ಮೀ. ದೂರದಲ್ಲಿ 40 ಸೆಂಟಿಮೀಟರ್ ಆದರೆ 5 ಕಿ.ಮೀ. ದೂರದಲ್ಲಿ ಒಂದು ಮೀಟರ್ ಆಗುತ್ತದೆ. ಇನ್ನೊಂದು ತೊಡಕು ನೋಟದ್ದು: ಸಮತಟ್ಟಾದ ನೆಲದಲ್ಲಿ 2 ಮೀಟರ್ ಎತ್ತರದಿಂದ ನೋಡುವವನಿಗೆ ದಿಗಂತವೇ ಸುಮಾರು 5 ಕಿ.ಮೀ. ದೂರದಲ್ಲಿದೆ, ಮರಳ ದಿಬ್ಬ, ಕುರುಚಲು ಗಿಡಗಳು ನೋಟವನ್ನು ಅದಕ್ಕೂ ಮುಂಚೆಯೇ ತಡೆಯುತ್ತವೆ. ನೆಲದ ಮೇಲಿನ ಲಾಂಚರಿಗೆ 8 ಅಥವಾ 10 ಕಿ.ಮೀ. ಎಂಬುದು ಬಹುತೇಕ ಕಾಣದ ಲೋಕ.

ಆದ್ದರಿಂದ ಕಣ್ಣನ್ನು ಕ್ಷಿಪಣಿಯ ಮೂತಿಗೇ ಸಾಗಿಸಬೇಕಾಯಿತು. ಅದನ್ನೇ ಸೀಕರ್ ಎನ್ನುತ್ತಾರೆ. ಇದರ ಗುಣ ದೊಡ್ಡದು: ಕ್ಷಿಪಣಿ ಹತ್ತಿರವಾದಂತೆ ತಪ್ಪು ಕುಗ್ಗುತ್ತದೆ. ಬೆದರಿ ಓಡುವ ಕರುವನ್ನು ಹಿಡಿಯಬಲ್ಲವನು ಅದರ ಬಾಲದ ಹಿಂದೆ ಓಡದೆ, ಅದು ಮುಂದೆ ತಲುಪುವ ಜಾಗಕ್ಕೆ ಅಡ್ಡಲಾಗಿ ಓಡುವಂತೆ, ಸೀಕರ್ ಕೂಡ ಗುರಿಯ ಕಡೆಗಿನ ನೋಟದ ದಿಕ್ಕು ಬದಲಾಗದ ಹಾಗೆ ಕ್ಷಿಪಣಿಯನ್ನು ತಿರುಗಿಸುತ್ತ ಹೋಗುತ್ತದೆ. ನಾಗ್, ಅಮೆರಿಕದ ಜಾವೆಲಿನ್ ಎರಡೂ ಟ್ಯಾಂಕಿನ ಶಾಖದ ಚಿತ್ರವನ್ನು ಉಡಾವಣೆಗೆ ಮೊದಲೇ ಹಿಡಿದಿಟ್ಟುಕೊಂಡು, ಮೇಲಕ್ಕೇರಿ, ಕವಚ ತೆಳುವಾಗಿರುವ ಮೇಲ್ಭಾಗಕ್ಕೆ ಎರಗುತ್ತವೆ. ಉಡಾಯಿಸಿದವನು ಮರುಕ್ಷಣವೇ ಜಾಗ ಬದಲಿಸಬಹುದು. 1983ರಲ್ಲಿ ಆರಂಭವಾದ ಸಮಗ್ರ ಕ್ಷಿಪಣಿ ಕಾರ್ಯಕ್ರಮದಲ್ಲಿ ನಾಗ್‌ಗೆ ಈ ವಿಧಾನವನ್ನು ಆರಿಸಿದ್ದು ಬಹಳ ಮುಂದಾಲೋಚನೆಯ ನಿರ್ಧಾರವೆಂದೇ ನಾನು ತಿಳಿದಿದ್ದೇನೆ. ಆ ಹಾದಿ ಎಷ್ಟು ದುರ್ಗಮವಾಗಿತ್ತೆಂದರೆ, ಕೊನೆಯ ಬಳಕೆದಾರ ಪರೀಕ್ಷೆ ಮುಗಿದದ್ದು 2020ರ ಅಕ್ಟೋಬರಿನಲ್ಲಿ.

ಆ ವಿಳಂಬದ ಹಿಂದೆ ರಾಜಸ್ಥಾನದ ಬೇಸಿಗೆಯ ಪಾಲೂ ಇದೆ. ಇನ್‌ಫ್ರಾರೆಡ್ ಸೀಕರ್ ನೋಡುವುದು ಟ್ಯಾಂಕಿಗೂ ಸುತ್ತಲಿನ ನೆಲಕ್ಕೂ ಇರುವ ಶಾಖದ ವ್ಯತ್ಯಾಸವನ್ನು. ಮಧ್ಯಾಹ್ನದ ಮರಳು ಟ್ಯಾಂಕಿನ ಲೋಹದಷ್ಟೇ ಕಾದಾಗ ಆ ವ್ಯತ್ಯಾಸ ಕರಗಿ, ಗುರಿಯು ಹಿನ್ನೆಲೆಯೊಳಗೆ ಸೇರಿಹೋಗುತ್ತದೆ. ದೂರ ಹೆಚ್ಚಾದಂತೆ ಇದು ಇನ್ನೂ ಬಿಗಡಾಯಿಸುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಡಿಗ್ರಿ ಅಗಲದ ನೋಟವನ್ನು 64 ಸಾಲುಗಳಾಗಿ ಹಂಚಿದರೆ ಒಂದು ಸಾಲಿಗೆ ಸಿಗುವುದು 0.27 ಮಿಲಿರೇಡಿಯನ್. 8 ಕಿ.ಮೀ. ದೂರದಲ್ಲಿ ನಿಂತ 2.3 ಮೀಟರ್ ಎತ್ತರದ ಟ್ಯಾಂಕು ಆ ಚಿತ್ರದಲ್ಲಿ ಸುಮಾರು ಒಂದೇ ಸಾಲಿನಷ್ಟು ಎತ್ತರ ಇರುತ್ತದೆ. ಹೊಸ ಸೀಕರ್‌ಗಳಲ್ಲಿ ಸಾಲುಗಳು ಹೆಚ್ಚಿವೆ, ನಿಜ. ಆದರೂ ಉಡಾವಣೆಗೆ ಮೊದಲೇ ಅಷ್ಟು ದೂರದ ಗುರಿಯನ್ನು ನಂಬಿಕೆಯಿಂದ ಹಿಡಿದಿಡುವುದು ಸುಲಭವಾಗಿಲ್ಲ. ಹಾರುತ್ತ ಹತ್ತಿರ ಹೋದ ಮೇಲೆ ಹಿಡಿಯಬೇಕೆಂದರೆ ಸಮಯದ ಪ್ರಶ್ನೆ ಬರುತ್ತದೆ. ಸೆಕೆಂಡಿಗೆ 230 ಮೀಟರ್ ಹಾರುವ ಕ್ಷಿಪಣಿಗೆ 8 ಕಿ.ಮೀ. ತಲುಪಲು ಸುಮಾರು 35 ಸೆಕೆಂಡು ಬೇಕು. ಗಂಟೆಗೆ 30 ಕಿ.ಮೀ. ವೇಗದ ಟ್ಯಾಂಕು ಅಷ್ಟರಲ್ಲಿ 290 ಮೀಟರ್ ಸರಿದಿರುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಅಷ್ಟರೊಳಗೆ ಒಂದು ಲಾರಿಯೋ ಆಂಬುಲೆನ್ಸೋ ಬಂದಿರಬಹುದು.

ಮಿಲಿಮೀಟರ್ ತರಂಗದ ರಡಾರ್ ಸೀಕರ್ ಧೂಳು, ಹೊಗೆ, ಮರಳಿನ ಬಿಸಿ ಇವುಗಳಿಗೆ ಅಂಜುವುದಿಲ್ಲ. ಸಾಂಟ್‌ನಲ್ಲಿ ಇರುವುದು ಇದೇ. ಈ ವಿಧಾನದ ಶಕ್ತಿ ಮತ್ತು ಕೊರತೆ ಎರಡನ್ನೂ ಬ್ರಿಟನ್ನಿನ ಬ್ರಿಮ್‌ಸ್ಟೋನ್ ಕ್ಷಿಪಣಿಯ ಅನುಭವ ತೋರಿಸಿಕೊಟ್ಟಿದೆ. 94 ಗಿಗಾಹರ್ಟ್ಸ್ ರಡಾರ್ ಹೊತ್ತ ಅದನ್ನು ರೂಪಿಸಿದ್ದು ಯುರೋಪಿನ ಬಯಲಿನಲ್ಲಿ ಸಾಲುಗಟ್ಟಿ ಬರುವ ಸೋವಿಯತ್ ಟ್ಯಾಂಕುಗಳ ಮೇಲೆ ಬಿಟ್ಟುಬಿಡಲು. ಗುರಿಯನ್ನು ಆರಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಲಾಗಿತ್ತು. ಅಫ್ಗಾನಿಸ್ತಾನಕ್ಕೆ ಬಂದಾಗ ಊರುಗಳ ನಡುವೆ, ಜನರ ನಡುವೆ ಅಂಥ ಆಯುಧವನ್ನು ಬಳಸಲು ಅವರ ಯುದ್ಧ ನಿಯಮಗಳೇ ಅವಕಾಶ ಕೊಡಲಿಲ್ಲ. ಕೊನೆಗೆ ಅದಕ್ಕೆ ಲೇಸರ್ ಸೀಕರನ್ನೂ ಸೇರಿಸಿ, ಯಾವ ವಾಹನವೆಂದು ಮನುಷ್ಯನೇ ಬೆಳಕಿನಿಂದ ತೋರಿಸುವಂತೆ ಮಾಡಿದರು. ಗುರಿ ಮುಟ್ಟುವ ನಿಖರತೆಯೇ ಬೇರೆ, ಗುರಿ ಯಾವುದೆಂಬ ವಿವೇಚನೆಯೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ.

ಇಸ್ರೇಲಿನ ಸ್ಪೈಕ್ ಕುಟುಂಬ ಇನ್ನೊಂದು ದಾರಿ ಹಿಡಿದಿದೆ. ಸ್ಪೈಕ್-ಎಲ್ಆರ್ ಬೆಳಕಿನ ಮೂಲಕ ಸಂಕೇತ ಸಾಗಿಸುವ ಕೂದಲೆಳೆಯಂಥ ಫೈಬರನ್ನು ಬಿಚ್ಚುತ್ತ ಹಾರುತ್ತದೆ. ಅದರ ಮೂತಿಯ ಕ್ಯಾಮೆರಾ ಕಂಡದ್ದೆಲ್ಲ ಸೈನಿಕನ ಪರದೆಗೆ ಬರುತ್ತದೆ, ಅವನು ಬಯಸಿದರೆ ಹಾರಾಟದ ನಡುವೆಯೇ ಬೇರೆ ಗುರಿ ಆರಿಸಬಹುದು. ದಿಬ್ಬದ ಮರೆಯಿಂದ, ಗುರಿಯನ್ನು ನೋಡದೆಯೇ ಉಡಾಯಿಸಲೂಬಹುದು. 25 ಕಿ.ಮೀ. ದಾಟುವ ಅದರ ದೊಡ್ಡ ಆವೃತ್ತಿ ಇದೇ ಕೆಲಸವನ್ನು ರೇಡಿಯೊ ಸಂಪರ್ಕದಿಂದ ಮಾಡುತ್ತದೆ. ರೇಡಿಯೊ ಸಂಪರ್ಕವನ್ನು ಜಾಮ್ ಮಾಡಬಹುದಲ್ಲ, ಅಂದರೆ ಶತ್ರು ತನ್ನ ರೇಡಿಯೊ ಅಲೆಗಳಿಂದ ಅದನ್ನು ಕೆಡಿಸಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಉಕ್ರೇನ್ ಯುದ್ಧ ಅದನ್ನು ದಿನನಿತ್ಯ ತೋರಿಸುತ್ತಿದೆ. ಆದರೆ ಅದೇ ಯುದ್ಧದಲ್ಲಿ ಎರಡೂ ಕಡೆಯವರು ಫೈಬರ್ ಎಳೆಯುತ್ತ ಹಾರುವ ಡ್ರೋನುಗಳ ಕಡೆಗೆ ತಿರುಗಿದ್ದನ್ನೂ ಗಮನಿಸಬೇಕು. ಜಾಮಿಂಗ್ ಎದುರಾದಾಗಲೂ ಅವರು ಮನುಷ್ಯನ ನೋಟವನ್ನು ಕೈಬಿಡಲಿಲ್ಲ, ಸಂಪರ್ಕದ ಮಾಧ್ಯಮವನ್ನು ಬದಲಿಸಿಕೊಂಡರು. ಫೈಬರ್ ತುಂಡಾಗಬಹುದು, ವೇಗಕ್ಕೆ ಮಿತಿ ಹಾಕಬಹುದು. ಆದ್ದರಿಂದ ಸಂಪರ್ಕ ಕಡಿದ ಕ್ಷಣದಲ್ಲಿ, ಮನುಷ್ಯ ಈಗಾಗಲೇ ತೋರಿಸಿಕೊಟ್ಟ ಗುರಿಯನ್ನು ಮಾತ್ರ ಸೀಕರ್ ಹಿಂಬಾಲಿಸುವ ವ್ಯವಸ್ಥೆ ನನಗೆ ಎಲ್ಲಕ್ಕಿಂತ ಸಮಂಜಸವಾಗಿ ಕಾಣುತ್ತದೆ.

ನಮ್ಮಲ್ಲಿ ಈ ದಿಕ್ಕಿನ ಕೆಲಸ ಆರಂಭವಾಗಿರುವುದು ಸಂತೋಷದ ಸಂಗತಿ. 2025ರ ಜುಲೈನಲ್ಲಿ ಕರ್ನೂಲಿನ ಪರೀಕ್ಷಾ ವಲಯದಲ್ಲಿ ಡಿಆರ್‌ಡಿಒ ಡ್ರೋನಿನಿಂದ ಉಡಾಯಿಸಿದ ಯುಎಲ್‌ಪಿಜಿಎಂ-ವಿ3 ಕ್ಷಿಪಣಿಗೆ ಎರಡೂ ದಿಕ್ಕಿನ ಡೇಟಾ ಲಿಂಕ್ ಇದೆ. ಉಡಾವಣೆಯ ನಂತರವೂ ಗುರಿಯನ್ನು ಬದಲಿಸಬಹುದು. ಅದನ್ನು ಹೊತ್ತ ಡ್ರೋನ್ ಬೆಂಗಳೂರಿನ ನ್ಯೂಸ್ಪೇಸ್ ರಿಸರ್ಚ್ ಸಂಸ್ಥೆಯದು. ಆದರೆ ಆ ಚಿಕ್ಕ ಕ್ಷಿಪಣಿಯ ವ್ಯಾಪ್ತಿ ಹಗಲಿನಲ್ಲಿ 4 ಕಿ.ಮೀ., ಇರುಳಿನಲ್ಲಿ 2.5 ಕಿ.ಮೀ. ಮಾತ್ರ. 2020ರಲ್ಲಿ ಲಡಾಖಿನ ಎತ್ತರಗಳಿಗೆ ಟ್ಯಾಂಕುಗಳು ಏರಿದ ಮೇಲೆ, ಬೆಟ್ಟದ ಸಾಲಿನ ಆಚೆಗಿರುವ ಗುರಿಯನ್ನು ನೋಡಿ ಹೊಡೆಯುವ ಅಗತ್ಯ ಯಾರೂ ಅಲ್ಲಗಳೆಯಲಾರದಷ್ಟು ಸ್ಪಷ್ಟವಾಗಿದೆ. ಅಲ್ಲಿ ಎದುರಿನ ಏಣು ದಾಟುವವರೆಗೆ ಯಾವ ಸೀಕರಿಗೂ ಗುರಿ ಕಾಣುವುದಿಲ್ಲ. ಹೀಗಿರುವಾಗ 7 ಮತ್ತು 10 ಕಿ.ಮೀ. ವ್ಯಾಪ್ತಿಯ ನಮ್ಮ ಕ್ಷಿಪಣಿಗಳ ಮುಂದಿನ ಆವೃತ್ತಿಗಳಿಗೆ ಸೇನೆ ಬೇಡಿಕೆಪಟ್ಟಿ ಬರೆಯುವಾಗ, ಇನ್ನೆರಡು ಕಿಲೋಮೀಟರ್ ಹೆಚ್ಚು ಕೇಳುವ ಮೊದಲು ಡೇಟಾ ಲಿಂಕ್ ಕಡ್ಡಾಯವೆಂದು ಬರೆಯಬೇಕು. ಪರೀಕ್ಷೆಗಳಲ್ಲೂ ಒಂಟಿ ಗುರಿಯ ಬದಲು ಟ್ಯಾಂಕು, ಲಾರಿ, ಸುಟ್ಟ ವಾಹನಗಳನ್ನು ಬೆರೆಸಿ ನಿಲ್ಲಿಸಿ, ಮೇ ತಿಂಗಳ ಮಧ್ಯಾಹ್ನದಲ್ಲಿ, ಜಾಮಿಂಗ್ ನಡುವೆ, ಸರಿಯಾದುದನ್ನು ಆರಿಸಿತೇ ಎಂದು ನೋಡಬೇಕು.